ಇಪ್ಪತ್ತು ಮಾರು ಸುಂಕದ ಮಾಲೆ

ಬೆಳಗಿನ ಐದೂವರೆ. ಹೊಸಪೇಟೆಯ ಮೊದಲ ಬಸ್ಸು ಕಂಪ್ಲಿ ನಿಲ್ದಾಣದಲ್ಲಿ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಹೂಗಾರ ಮುದುಕಮ್ಮ ಬಾಗಿಲಿಗೆ ಕೈ ಹಾಕಿರುತ್ತಾರೆ. ಹಡಗಲಿ ಮಲ್ಲಿಗೆಯ ಗಂಟು ಇಳಿಸಿಕೊಂಡು, ಬಟ್ಟೆ ಅಂಗಡಿಯ ಮೆಟ್ಟಿಲ ಪಕ್ಕದ ಮೂರಡಿ ಜಾಗದಲ್ಲಿ ಗೋಣಿಚೀಲ ಹಾಸಿ ಕೂತರೆಂದರೆ ಬೆರಳುಗಳು ತಾವಾಗಿ ಕೆಲಸಕ್ಕಿಳಿಯುತ್ತವೆ. ಕಣ್ಣು ಮಾತ್ರ ರಸ್ತೆಯ ಮೇಲಿದೆ. ಅದು ಪುರಸಭೆಯ ಸುಂಕದವನು ಬರುವ ಹೊತ್ತು.

ಅವನು ಬರುತ್ತಾನೆ, ಇಪ್ಪತ್ತು ರೂಪಾಯಿ ತೆಗೆದುಕೊಂಡು ಗುಲಾಬಿ ಬಣ್ಣದ ಚೀಟಿ ಹರಿದು ಕೊಡುತ್ತಾನೆ. ಬೋಣಿಗೆ ಆಗಲಿ ಬಿಡಲಿ, ಇದು ತಪ್ಪುವುದಿಲ್ಲ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ಈ ಅರವತ್ತರ ಹೆಂಗಸಿಗೆ ಹದಿನಾರು ವರ್ಷದ ಹಿಂದೆಯೇ ಗೊತ್ತಾಗಿದೆ. ಆಗೊಮ್ಮೆ ಚೀಟಿಯನ್ನು ಬಾಡಿದ ಹೂವಿನ ಜೊತೆ ಗುಡಿಸಿ ಎಸೆದು, ಒಂದೇ ದಿನ ಎರಡು ಸಲ ದುಡ್ಡು ತೆತ್ತಿದ್ದರು.

"ಅವತ್ತು ಹೊಟ್ಟಿ ಉರೀತ್ರಿ. ಮರುದಿನದಿಂದ ಚೀಟೀನೂ ಹೂವಿನಂಗ ಮಡಚಿ ದಾರಕ್ಕ ಕಟ್ಟಾಕ ಹತ್ತಿದೆ. ಕಟ್ಟಿದ್ದು ಎಲ್ಲಿ ಹೋಗತೈತಿ?"

ಗಂಡ ಎರ್ರೆಪ್ಪ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊತ್ತು ಸೊಂಟ ಕಳೆದುಕೊಂಡ ಮೇಲೆ ಮನೆ ನಡೆಯುತ್ತಿರುವುದು ಈ ಮೂರಡಿಯಿಂದಲೇ. ದಿನಕ್ಕೆ ಐವತ್ತು ಮೊಳ ಹೂವು ಹೋದರೆ ಕೈಯಲ್ಲಿ ಉಳಿಯುವುದು ನಾನೂರು. ಅಂದರೆ ನೂರಕ್ಕೆ ಐದು ರೂಪಾಯಿ ಸುಂಕಕ್ಕೇ ಹೋಯಿತು. ಮೊಬೈಲಿಗೆ ರೀಚಾರ್ಜ್ ಮಾಡಿಸಿದರೆ, ಚಹಾಪುಡಿ ಕೊಂಡರೆ, ಗಂಡನಿಗೆ ಚಪ್ಪಲಿ ತಂದರೆ ಅಲ್ಲಿಯೂ ತೆರಿಗೆ ಸೇರಿಯೇ ಇರುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ಸಿಟ್ಟು ಬರಿಸುವ ಸಂಗತಿ.

ಈ ಬೇಸಿಗೆಯಲ್ಲಿ ಆ ಮೂರಡಿಗೇ ಸಂಚಕಾರ ಬಂತು. ಬಟ್ಟೆ ಅಂಗಡಿಯ ಬಸವಕುಮಾರ್ ಪುರಸಭೆಗೆ ಅರ್ಜಿ ಕೊಟ್ಟರು: ತೆರಿಗೆ ಕಟ್ಟುವವರು ನಾವು, ಒಂದು ಪೈಸೆ ಕಟ್ಟದೆ ದಾರಿ ಹಿಡಿದು ಕೂತವರು ಇವರು, ಎಬ್ಬಿಸಿ. ಪುರಸಭೆ ಕಚೇರಿಯಲ್ಲಿ ವ್ಯಾಪಾರಿಗಳ ಸಭೆ ಕರೆಯಲಾಯಿತು. ಮುದುಕಮ್ಮ ಹೂವಿನ ಬುಟ್ಟಿಗೆ ಟವೆಲು ಮುಚ್ಚಿಕೊಂಡು ಒಳಗೆ ಹೋದರು. ಸನ್ಮಾನಕ್ಕೆ ಹಾರ ಬಂತೆಂದುಕೊಂಡ ಅಧಿಕಾರಿ, ಪಾಪ, ಅಂಗಿಯ ಕಾಲರು ಸರಿಮಾಡಿಕೊಂಡು ಕೊರಳು ಚಾಚಿಯೇಬಿಟ್ಟರು!

ಬುಟ್ಟಿಯಿಂದ ಹೊರಬಂದದ್ದು ಚೀಟಿಯ ಮಾಲೆ. ಐದು ರೂಪಾಯಿ ಕಾಲದ ಹಳದಿ, ಹತ್ತರ ಕಾಲದ ಹಸಿರು, ಈಗಿನ ಗುಲಾಬಿ. ಮುದುಕಮ್ಮ ಹೂವು ಅಳೆಯುವ ಹಾಗೆಯೇ ಎರಡೂ ಕೈ ಚಾಚಿ, ಬಾಯಲ್ಲಿ ಎಣಿಸುತ್ತ ಅಳೆದರು. ಇಪ್ಪತ್ತು ಮಾರು.

"ಸಾವ್ಕಾರ್ರ, ಇದು ನಂದು. ನಿಮ್ದೂ ತರ್ರಿ, ಅಳೆಯೂಣು," ಎಂದರು.

ಬಸವಕುಮಾರ್ ನಕ್ಕು, "ಇದೆಲ್ಲಾ ಚಿಲ್ರಿ ಬಿಡವ್ವ. ನಾವು ಕಟ್ಟೋದು ಲಕ್ಷದಾಗ," ಎಂದರು.

"ಇರಬೌದ್ರಿ. ಹೋದ ವರ್ಷ ಮಗಳ ಸೀಮಂತಕ್ಕ ನಿಮ್ಮಲ್ಲೇ ಸೀರಿ ತಗೊಂಡೆ. ಬಿಲ್ಲು ಕೊಡ್ರಿ ಅಂದ್ರ ಏನಂದ್ರಿ? ಬಿಲ್ಲಾದ್ರ ಟ್ಯಾಕ್ಸ್ ಬೀಳತೈತಿ, ನಿನಗ್ಯಾಕಬೇ ಬಿಲ್ಲು ಅಂದ್ರಿ. ಬೀಳಲಿ, ಹಾಕ್ರಿ ಅಂದೆ. ಹಾಕ್ಲಿಲ್ಲ. ಕಟ್ಟತೀನಿ ಅಂದಾಕಿ ನಾನು, ಬ್ಯಾಡ ಅಂದವ್ರು ನೀವು. ಈಗ ಹೇಳ್ರಿ, ಕಳ್ಳರ್ಯಾರು?"

ಹಿಂದೆ ನಿಂತಿದ್ದ ತರಕಾರಿಯ ಅಕ್ಕನಾಗಮ್ಮ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ಹೂವಿನವರು ಈಗಿರುವ ಜಾಗದಲ್ಲೇ ಇರಲಿ ಎಂದು ಅಧಿಕಾರಿ ಬರೆದುಕೊಂಡರು.

ಬಸವಕುಮಾರ್ ಇಂದಿಗೂ ಮೆಟ್ಟಿಲು ಹತ್ತುವಾಗ ಈ ಕಡೆ ನೋಡುವುದಿಲ್ಲ. ಮುದುಕಮ್ಮ ಮಾತ್ರ ದಿನವೂ "ನಮಸ್ಕಾರ್ರೀ ಸಾವ್ಕಾರ್ರ" ಎಂದು ಜೋರಾಗಿಯೇ ಹೇಳುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬುಟ್ಟಿಯ ತಳದಿಂದ ಮಾಲೆಯ ತುದಿ ಎಳೆದು ತೋರಿಸುತ್ತಾರೆ. ಕಳೆದ ವರ್ಷದ ಚೀಟಿಗಳ ನಡುವೆ ಒಂದು ಕುಣಿಕೆ ಖಾಲಿ ಇದೆ.

"ಇದು ಸೀರಿ ಬಿಲ್ಲಿನ ಜಾಗ ನೋಡ್ರಿ. ಸಾವ್ಕಾರ್ರು ಕೊಟ್ಟ ದಿನ ಕಟ್ಟತೀನಿ. ಅಲ್ಲೀತನ ನಾನೂ ಇಲ್ಲೇ ಕುಂತಿರತೀನಿ."