ಷಡ್ಡಕನ ಹಸಿರು ನೀರು

ಎರಡು ತಿಂಗಳ ಹಿಂದೆ ನಾನು ಐದು ಲೀಟರ್ ನೀರು ಕದ್ದೆ.

ಕುಡಿಯುವ ನೀರಲ್ಲ. ಹಸಿರು ನೀರು. ಬೆರಳು ಅದ್ದಿದರೆ ಬೆರಳೇ ಕಾಣದಂಥ, ಕೊಟ್ಟಿಗೆಯ ವಾಸನೆ ಹೊಡೆಯುವ ನೀರು. ಕದ್ದದ್ದು ಎಲ್ಲಿಂದ? ನನ್ನ ಷಡ್ಡಕ ಗೋವಿಂದಪ್ಪನ ಹೊಂಡದಿಂದ. (ಷಡ್ಡಕ ಇರುವ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಇಲ್ಲದವರು ಪುಣ್ಯವಂತರು.)

ಗೋವಿಂದಪ್ಪ ದೇವನೂರಿನವನು. ನನ್ನ ಹೆಂಡತಿ ರತ್ನಳ ತಂಗಿಯ ಗಂಡ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಹೊಟ್ಟೆಯಲ್ಲಿ ದೊಡ್ಡವನು. ಸೂರ್ಯ ನೆತ್ತಿಗೆ ಬರುವವರೆಗೆ ಹಲ್ಲುಜ್ಜುವುದಿಲ್ಲ. ಮದುವೆಗೆ ಬಂದರೆ ಮುಹೂರ್ತ ಮುಗಿದ ಮೇಲೆ ಬರುತ್ತಾನೆ, ಊಟದ ಮೊದಲ ಪಂಕ್ತಿಗೆ ಮಾತ್ರ ಎಂದೂ ತಪ್ಪುವುದಿಲ್ಲ. ನಾನೋ, ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಗಡಿಯಾರ ನೋಡದೆ ನೀರು ಕುಡಿದವನಲ್ಲ. ಅದಕ್ಕೂ ಮೊದಲು ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಮಲಗುವ ಹಾಸ್ಟೆಲಿನಲ್ಲಿ. ಹಾಸಿಗೆ ಮಡಿಸದೆ ತಿಂಡಿ ತಿಂದರೆ ಇಂದಿಗೂ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಇಂಥ ನಾವಿಬ್ಬರೂ ಹೋದ ಮಳೆಗಾಲದಲ್ಲಿ ಮೀನು ಸಾಕಲು ಹೊರಟೆವು.

ಮರಿಗಳು ಬಂದದ್ದು ಒಂದೇ ದಿನ, ಒಂದೇ ಗಾಡಿಯಲ್ಲಿ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಟ್ಲಾ, ರೋಹು, ಗೆಂಡೆ. ಅರ್ಧ ಅವನಿಗೆ, ಅರ್ಧ ನನಗೆ. ಅವನು ಕಣ್ಣುಮುಚ್ಚಿ ಚೀಲ ಎತ್ತಿಕೊಂಡ. ನಾನು ಆರಿಸಿ ತೆಗೆದುಕೊಂಡೆ. ಅಂದರೆ ಮೊದಲ ದಿನ ನಾನೇ ಮುಂದಿದ್ದೆ ಎಂಬುದು ದಾಖಲಾಗಲಿ.

ಸಖರಾಯಪಟ್ಟಣದ ರಸ್ತೆಯಲ್ಲಿರುವ ನನ್ನ ತೆಂಗಿನ ತೋಟದ ಕೃಷಿ ಹೊಂಡವನ್ನು ನೀವು ನೋಡಬೇಕಿತ್ತು. ತಳಕ್ಕೆ ಹೊಚ್ಚಹೊಸ ಪ್ಲಾಸ್ಟಿಕ್ ಶೀಟು. ತುಂಬಿಸಿದ್ದು ಬೋರ್‌ವೆಲ್ಲಿನ ತಿಳಿನೀರು. ಬಿಸಿಲಿಗೆ ನೀರು ಆರದಿರಲಿ, ಎಲೆ ಬೀಳದಿರಲಿ ಎಂದು ಮೇಲೆ ದಟ್ಟವಾದ ನೆರಳು ಬಲೆ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗಿ ತೌಡು, ಹಿಂಡಿ ಅಳತೆ ಮಾಡಿ ಹಾಕುತ್ತಿದ್ದೆ. ಮೀನು ತಿಂದು ಬಿಟ್ಟದ್ದನ್ನು ಜಾಲರಿಯಿಂದ ತೆಗೆಯುತ್ತಿದ್ದೆ. ಶೀಟಿನ ಅಂಚಿಗೆ ಪಾಚಿ ಕಟ್ಟಿದರೆ ಪೊರಕೆ ಹಿಡಿದು ಉಜ್ಜುತ್ತಿದ್ದೆ. ನೀರು ಎಷ್ಟು ತಿಳಿ ಎಂದರೆ ತಳದಲ್ಲಿ ಬಿದ್ದ ಒಂದು ನಾಣ್ಯ ಹೆಡ್ಡೋ ಟೇಲೋ ಹೇಳಬಹುದಿತ್ತು.

ಗೋವಿಂದಪ್ಪನದು ಹಳೆಯ ಮಣ್ಣಿನ ಗುಂಡಿ. ಪಕ್ಕದಲ್ಲೇ, ಸ್ವಲ್ಪ ಎತ್ತರದಲ್ಲಿ ದನದ ಕೊಟ್ಟಿಗೆ. ಕೊಟ್ಟಿಗೆ ತೊಳೆದ ನೀರು ತಾನಾಗಿಯೇ ಹರಿದು ಹೊಂಡಕ್ಕೆ ಬೀಳುತ್ತದೆ. ಅದಕ್ಕೊಂದು ಕಾಲುವೆ ತೋಡಿ ಬೇರೆ ಕಡೆ ತಿರುಗಿಸಪ್ಪಾ ಎಂದು ನಾನೇ ಎಷ್ಟು ಸಲ ಹೇಳಿದ್ದೆ. ಮಾಡಣ ಅಣ್ಣ, ಮಾಡಣ ಎನ್ನುತ್ತಿದ್ದ. ಮಾಡಲಿಲ್ಲ.

ಇಷ್ಟರ ಮಧ್ಯೆ ನಾನೊಂದು ಮಾತು ಆಡಿಬಿಟ್ಟಿದ್ದೆ.

ನಮ್ಮ ಮಾವ ಬುಕ್ಕಾಂಬುಧಿಯವರು. ಅಲ್ಲಿನ ದೊಡ್ಡ ಕೆರೆಯ ಮೀನು ತಿಂದು ಬೆಳೆದವರು, ಕೊನೆಯವರೆಗೂ ಅದರ ಮಾತೇ ಆಡಿದವರು. ಗಂಡುಮಕ್ಕಳಿಲ್ಲ. ಅವರು ಹೋದ ಮೇಲೆ ಅತ್ತೆ ಕಡೂರಿನ ನಮ್ಮ ಮನೆಯಲ್ಲೇ ಇದ್ದಾರೆ. ಹಿರಿಯರ ಹಬ್ಬದಲ್ಲಿ ಮಾವನಿಗೆ ಎಡೆ ಇಡುವುದೂ ನಮ್ಮ ಮನೆಯಲ್ಲೇ. ಎಡೆಯಲ್ಲಿ ಏನಿಲ್ಲದಿದ್ದರೂ ಮೀನು ಸಾರು ಇರಲೇಬೇಕು. ಹೋದ ವರ್ಷದ ಹಬ್ಬದಲ್ಲಿ, ಅಜ್ಜಂಪುರ, ತರೀಕೆರೆಯ ನೆಂಟರೆಲ್ಲ ಕೈ ತೊಳೆಯುತ್ತಿದ್ದ ಹೊತ್ತಿಗೆ ನಾನು ಘೋಷಿಸಿದೆ. ಬರುವ ವರ್ಷ ಮಾವನವರ ಎಡೆಗೆ ಮಾರ್ಕೆಟ್ಟಿನ ಮೀನಿಲ್ಲ, ನನ್ನ ಹೊಂಡದ್ದೇ ಮೀನು.

ಎಲ್ಲರೂ ತಲೆದೂಗಿದರು. ತರೀಕೆರೆಯ ಚಿಕ್ಕಮಾವನವರಂತೂ, ನೆನಪಿಟ್ಟಿರುತ್ತೇನೆ ಎಂದರು. ಅವರ ನೆನಪಿನ ಶಕ್ತಿ ಇಡೀ ವಂಶಕ್ಕೆ ಗೊತ್ತು.

ಈ ವರ್ಷ ನಡು ಮಳೆಗಾಲದಲ್ಲಿ ಬಲೆ ಬೀಸಿ ನೋಡಿದೆ. ನನ್ನ ಕಾಟ್ಲಾ ನನ್ನ ಅಂಗೈಗಿಂತ ದೊಡ್ಡದಿರಲಿಲ್ಲ. ದೊಡ್ಡ ತಲೆ, ತೆಳು ಮೈ. ಪರೀಕ್ಷೆಗೆ ಕೂತ ಹುಡುಗರ ಹಾಗೆ. ಅದೇ ವಾರ ದೇವನೂರಿನಿಂದ ಫೋನಿಗೆ ಒಂದು ಫೋಟೋ ಬಂತು. ಗೋವಿಂದಪ್ಪ ಒಂದು ಮೀನನ್ನು ಮಗುವಿನಂತೆ ಎರಡೂ ತೋಳಿನಲ್ಲಿ ಎತ್ತಿಕೊಂಡು ನಗುತ್ತಿದ್ದ.

ರತ್ನ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಮತ್ತೆ ಚಿಕ್ಕದು ಮಾಡಿ ನೋಡಿದಳು. "ರೀ, ಮರಿ ಒಂದೇ ಗಾಡಿಲಿ ಬಂದಿದ್ದು ಅಲ್ವಾ?" ಎಂದಳು. ಅಷ್ಟೇ ಸಾಕಿತ್ತು. ಆ ದಿನ ತೋಟಕ್ಕೆ ಬಂದಿದ್ದ ಅತ್ತೆ ಹೊಂಡದಲ್ಲಿ ಇಣುಕಿ, "ಅಳಿಯಂದ್ರೇ, ಮೀನು ಸಾಕ್ತಿದೀರೋ, ಕನ್ನಡಿ ಸಾಕ್ತಿದೀರೋ?" ಎಂದರು.

ನಿಮ್ಮನ್ನೇ ಕೇಳುತ್ತೇನೆ. ದುಡಿದವನಿಗಿಂತ ಮಲಗಿದವನಿಗೆ ಹೆಚ್ಚು ಸಿಕ್ಕರೆ ಹೊಟ್ಟೆ ಉರಿಯುವುದಿಲ್ಲವೇ? ಅವನು ನನಗಿಂತ ಹೆಚ್ಚು ಬೆವರು ಸುರಿಸಿದ್ದರೆ ನಾನೇ ಹೋಗಿ ಬೆನ್ನು ತಟ್ಟುತ್ತಿದ್ದೆ. ಅವನು ಮಾಡಿದ್ದೇನು? ಕಾಲುವೆ ತೋಡಲಿಲ್ಲ. ಅದೇ ಅವನ ಸಾಧನೆ.

ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ಹೊಳೆಯಿತು. ಎಲ್ಲ ಇರುವುದು ಆ ಹಸಿರು ನೀರಿನಲ್ಲೇ. ಮನೆಯಲ್ಲಿ ಮೊಸರು ಹಾಳಾದರೆ ಏನು ಮಾಡುತ್ತೇವೆ? ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಹಾಗೆಯೇ ಅವನ ಹೊಂಡದ ಹೆಪ್ಪು ನನ್ನ ಹೊಂಡಕ್ಕೆ ಬಿದ್ದರೆ?

ಕೇಳಿದ್ದರೆ ಡ್ರಮ್ಮುಗಟ್ಟಲೆ ಕೊಡುತ್ತಿದ್ದ. ಆದರೆ ಕೇಳುವುದು ಹೇಗೆ? ಅಣ್ಣ ಅನ್ನಿಸಿಕೊಂಡವನು ತಮ್ಮನ ಮುಂದೆ ಕ್ಯಾನ್ ಹಿಡಿದು ನಿಲ್ಲುವುದೇ?

ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಬಸ್ಸು ಹತ್ತಿ ದೇವನೂರಿಗೆ ಹೋದೆ. ಚೀಲದಲ್ಲಿ ಅಡುಗೆ ಎಣ್ಣೆಯ ಖಾಲಿ ಕ್ಯಾನು. ಗೋವಿಂದಪ್ಪ ಕಾಫಿಗೆ ಹೇಳಿಬರುತ್ತೇನೆಂದು ಒಳಗೆ ಹೋದ ತಕ್ಷಣ ದಡದಲ್ಲಿ ಕೂತು ಕ್ಯಾನು ಮುಳುಗಿಸಿದೆ. ಗುಳುಗುಳು ಸದ್ದು ಊರಿಗೆಲ್ಲ ಕೇಳಿಸಿದಂತಾಯಿತು. ಹೆಜ್ಜೆ ಸಪ್ಪಳ ಬಂತು. ಗಡಿಬಿಡಿಯಲ್ಲಿ ಮುಚ್ಚಳ ಎಲ್ಲೋ ಉರುಳಿತು. ಕರವಸ್ತ್ರವನ್ನು ಮಡಿಸಿ ಕ್ಯಾನಿನ ಬಾಯಿಗೆ ತುರುಕಿ, ಚೀಲದೊಳಗೆ ಇಳಿಸಿ, ಕಾಫಿ ಕುಡಿದು ಬಂದೆ. ಇಸ್ತ್ರಿ ಮಾಡಿದ ಕರವಸ್ತ್ರ ಬೇರೆ.

ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರ ಮೂಗು ಚುರುಕಾಗಿತ್ತು. "ಯಜಮಾನ್ರೇ, ಅದೇನು ಕಷಾಯಾನಾ?" ಎಂದರು. ಹೌದು, ಮಂಡಿನೋವಿಗೆ ಎಂದುಬಿಟ್ಟೆ. ತಮ್ಮ ಮನೆಯವರಿಗೂ ಮಂಡಿನೋವು, ಯಾವ ಪಂಡಿತರದು, ಹಚ್ಚುವುದೋ ಕುಡಿಯುವುದೋ, ಒಂದು ಲೋಟದಷ್ಟು ಸಿಗಬಹುದೇ ಎಂದು ಅವರು ಕಡೂರು ಬರುವವರೆಗೂ ಬಿಡಲಿಲ್ಲ. ಕುಡಿಯುವುದಂತೂ ಅಲ್ಲ ಎಂದು ಹೇಳಿ ಇಳಿದೆ. ಅಷ್ಟರಮಟ್ಟಿಗೆ ಪ್ರಾಮಾಣಿಕ.

ಕದ್ದ ನೀರನ್ನು ಹೊಂಡಕ್ಕೆ ಸುರಿದೆ. ಒಂದು ಮೂಲೆ ತುಸು ಹಸಿರಾಯಿತು. ಮರುದಿನವೂ ಇತ್ತು. ವಾರ ಕಳೆಯುವುದರಲ್ಲಿ ಮತ್ತೆ ಅದೇ ಕನ್ನಡಿ. ನನ್ನ ಹೊಂಡ ಅವನ ಹೆಪ್ಪನ್ನೂ ನುಂಗಿ ಕೂತಿತು.

ಆ ದಿನಗಳಲ್ಲೇ ಚೈತ್ರ ರಜೆಗೆ ಬಂದಳು. ಗೋವಿಂದಪ್ಪನ ಮಗಳು. ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದಾಳೆ. (ಹೌದು, ಅದೂ ಅವನಿಗೇ.) ಅಜ್ಜಿಯನ್ನು ನೋಡಲು ಬಂದವಳು ತೋಟಕ್ಕೂ ಬಂದಳು. ಹೊಂಡ ನೋಡಿ ನಗಲಿಲ್ಲ, ಅಷ್ಟು ಸಂಸ್ಕಾರವಿದೆ. ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಲು ಹೇಳಿದಳು. ಇಳಿಸಿದೆ. ನೀರು ಹದವಾಗಿದ್ದರೆ ಮೊಣಕೈ ಒದ್ದೆಯಾಗುವಷ್ಟರಲ್ಲಿ ಅಂಗೈ ಕಣ್ಣಿಗೆ ಮರೆಯಾಗಬೇಕಂತೆ. ನನಗೆ ಉಗುರು ಕಾಣುತ್ತಿತ್ತು. ಉಂಗುರ ಕಾಣುತ್ತಿತ್ತು. ನೀರು ಹೋಗದ ನನ್ನ ವಾಚಿನ ಮುಳ್ಳುಗಳೂ ಕಾಣುತ್ತಿದ್ದವು.

"ಟೈಮ್ ಎಷ್ಟು ದೊಡ್ಡಪ್ಪ?" ಎಂದಳು.

ನೋಡಿ ಹೇಳಿದೆ.

"ಅದೇ ತೊಂದರೆ. ಅಲ್ಲಿ ಟೈಮ್ ಕಾಣ್ಬಾರ್ದು."

ಆಮೇಲೆ ತೆಂಗಿನ ಬುಡದಲ್ಲಿ ಕೂತು ಬಿಡಿಸಿ ಹೇಳಿದಳು. ಆ ಹಸಿರು ಕೊಳಕಲ್ಲ. ಒಂದೊಂದಾಗಿ ಕಣ್ಣಿಗೆ ಕಾಣದ, ಕೋಟಿಗಟ್ಟಲೆ ಪುಟ್ಟ ಪಾಚಿ ಗಿಡಗಳು. ನಮ್ಮ ಹೊಲದ ಪೈರಿಗೆ ಏನು ಬೇಕೋ ಅವಕ್ಕೂ ಅದೇ ಬೇಕು, ಸಾರಜನಕ, ರಂಜಕ, ಮತ್ತೆ ಬಿಸಿಲು. ಆ ಹಸಿರನ್ನು ನೀರಿನ ಸಣ್ಣ ಹುಳಗಳು ತಿನ್ನುತ್ತವೆ, ಹುಳಗಳನ್ನು ಕಾಟ್ಲಾ ತಿನ್ನುತ್ತದೆ. ಆದರೆ ಪ್ರತಿ ಮೆಟ್ಟಿಲಲ್ಲೂ ತಿಂದದ್ದರ ಬಹುಪಾಲು ಈಜಾಡಿ, ಉಸಿರಾಡಿ ಖರ್ಚಾಗಿಹೋಗುತ್ತದೆ. ಸ್ವಲ್ಪವೇ ಮೈಗೆ ಹತ್ತುವುದು. ಹಾಗಾಗಿ ಮೇಲೆ ಒಂದು ಹಿಡಿ ಮೀನು ಬೇಕೆಂದರೆ ಕೆಳಗೆ ರಾಶಿಗಟ್ಟಲೆ ಹಸಿರು ಇರಬೇಕು.

ನಾನು ಮಾಡಿದ್ದೇನು? ಮೇಲೆ ಬಲೆ ಕಟ್ಟಿ ಬಿಸಿಲಿನ ಒಲೆ ಆರಿಸಿದ್ದೆ. ಕೆಳಗೆ ಶೀಟು ಹಾಸಿ, ಮಣ್ಣಿನಿಂದ ಬರಬೇಕಾದ ಸಾಮಾನನ್ನು ಬಾಗಿಲಲ್ಲೇ ತಡೆದಿದ್ದೆ. ಉಳಿದದ್ದನ್ನು ಜಾಲರಿ, ಪೊರಕೆ ಹಿಡಿದು ನಾನೇ ಆಚೆ ಹಾಕಿದ್ದೆ. ಅಳತೆಯ ತೌಡಿನಲ್ಲಿ ಮೀನುಗಳು ಜೀವ ಹಿಡಿದುಕೊಂಡಿದ್ದವು, ಅಷ್ಟೇ. ವರ್ಷವಿಡೀ ನಾನು ಅವನ್ನು ಶ್ರದ್ಧೆಯಿಂದ ಉಪವಾಸ ಕೆಡವಿದ್ದೆ.

ಯಾರದೋ ಹೊಂಡದ ಹಸಿರು ನೀರು ತಂದು ಹಾಕಿ ನೋಡಿದ್ದೆ ಎಂದು ಮೆಲ್ಲಗೆ ಹೇಳಿದೆ. ಯಾರದು ಎಂದು ಅವಳು ಕೇಳಲಿಲ್ಲ. "ಹೆಪ್ಪೇನೋ ತಂದ್ರಿ ದೊಡ್ಡಪ್ಪ. ಹಾಲೆಲ್ಲಿದೆ?" ಎಂದಳು.

ಇದೆಲ್ಲ ನಿಮ್ಮಪ್ಪನಿಗೆ ಗೊತ್ತಾ ಎಂದು ಕೇಳಿದೆ. ಅಪ್ಪನಿಗೆ ಹೇಳಲು ಹೋದರೆ ಆಕಳಿಸುತ್ತಾರೆ ಎಂದಳು. ನೋಡಿ, ಇದು ನನ್ನನ್ನು ಇನ್ನಷ್ಟು ಸುಟ್ಟಿತು. ತಿಳಿದು ಮಾಡಿದ್ದರೆ ಸಹಿಸಬಹುದಿತ್ತು. ಅವನಿಗೆ ಗೊತ್ತೇ ಇಲ್ಲ!

ಅಂದೇ ನೆರಳು ಬಲೆ ಬಿಚ್ಚಿಸಿದೆ. ಸಗಣಿ ಬಗ್ಗಡ ಎಷ್ಟು ಬಕೆಟ್, ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿದೆ. ಮೊದಲು ಸ್ವಲ್ಪ ಹಾಕಿ, ನೀರು ನೋಡಿಕೊಂಡು ಮುಂದಿನದು ಎಂದಳು. ಹೆಚ್ಚಾದರೆ, ಅದರ ಮೇಲೆ ಮೋಡ ಕವಿದರೆ, ನೀರಿನಲ್ಲಿ ಉಸಿರು ಸಾಲದೆ ಬೆಳಗಾಗುವುದರಲ್ಲಿ ಮೀನು ಮೇಲೆ ತೇಲುತ್ತದಂತೆ. ನೋಡಿಕೊಂಡು ಮಾಡುವುದು ಎಂದರೇನು? ಟೈಮ್‌ಟೇಬಲ್ ಇಲ್ಲದ ಕೆಲಸವನ್ನು ಮನುಷ್ಯ ಮಾಡುವುದಾದರೂ ಹೇಗೆ?

ಸ್ಕೂಟರಿನಲ್ಲಿ ಮನೆಗೆ ಬರುತ್ತಾ ನನಗೆ ಬೇರೆ ಏನೋ ಹೊಳೆಯಿತು. ನಮ್ಮ ಮನೆಯೂ ಹಾಗೆಯೇ ಅಲ್ಲವೇ? ಚಪ್ಪಲಿ ಸಾಲಾಗಿ, ಪೇಪರು ಮಡಿಕೆಯಲ್ಲಿ, ಸೋಫಾದ ಮೇಲೆ ಒಂದು ಸುಕ್ಕಿಲ್ಲ. ಬಂದವರು ಅಂಚಿನಲ್ಲಿ ಕೂತು, ಕಾಫಿ ಕುಡಿದು, ಲೋಟ ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಎದ್ದುಬಿಡುತ್ತಾರೆ. ದೇವನೂರಿನ ಆ ಮನೆಯಲ್ಲಿ ಕೂರಲು ಹೋದರೆ ಬಟ್ಟೆ ಸರಿಸಬೇಕು, ಮಲಗಲು ಹೋದರೆ ಬೆಕ್ಕು ಸರಿಸಬೇಕು. ಆದರೂ ಜನ ಅಲ್ಲಿಗೇ ಹೋಗುತ್ತಾರೆ. ಹೋದವರು ಎರಡು ದಿನ ಇರುತ್ತಾರೆ. ನನ್ನ ಸ್ವಂತ ಮೊಮ್ಮಕ್ಕಳೂ. ಇದಕ್ಕೆ ಯಾವ ಕಾಲೇಜಿನಲ್ಲಿ ಪಾಠವಿದೆಯೋ ಗೊತ್ತಿಲ್ಲ.

ಹಬ್ಬ ಬಂತು. ನೀರು ಆಗ ತಾನೇ ಹಸಿರಿಗೆ ತಿರುಗಿತ್ತು. ಮೀನು ಮಾತ್ರ ಇನ್ನೂ ಅಂಗೈಯನ್ನು ದಾಟಿರಲಿಲ್ಲ. ಗೋವಿಂದಪ್ಪನನ್ನು ಕೇಳಿ ಎಂದು ರತ್ನ ಹೇಳಿದಳು. ಅವನನ್ನು ಕೇಳುವ ಬದಲು ಬೆಳಿಗ್ಗೆ ಯಾರ ಕಣ್ಣಿಗೂ ಬೀಳದಂತೆ ಕಡೂರು ಮಾರ್ಕೆಟ್ಟಿನಿಂದ ತಂದು, ನನ್ನದೇ ಎಂದು ಹೇಳುವುದು ನನ್ನ ಯೋಜನೆ. ಚೀಲ ಹಿಡಿದು ಹಿತ್ತಲ ಬಾಗಿಲು ತೆರೆದೆ. ಎದುರಿಗೆ ಗೋವಿಂದಪ್ಪ ನಿಂತಿದ್ದ. ಹೆಗಲ ಮೇಲೆ ಒದ್ದೆ ಗೋಣಿಚೀಲ. ಜೀವನದಲ್ಲಿ ಮೊದಲ ಸಲ ನನಗಿಂತ ಮುಂಚೆ ಎದ್ದಿದ್ದ.

ಚೀಲವನ್ನು ಬಚ್ಚಲ ಕಲ್ಲಿನ ಮೇಲೆ ಸುರಿದ. ಒಂದೊಂದೂ ಮೊಳದುದ್ದ.

ನೆಂಟರು ಬಂದರು. ಎಡೆ ಇಟ್ಟು, ಬಾಗಿಲು ಮುಚ್ಚಿ, ಹಿರಿಯರು ಉಣ್ಣಲೆಂದು ಎಲ್ಲರೂ ಜಗುಲಿಯಲ್ಲಿ ಕಾದಿದ್ದೆವು. ತರೀಕೆರೆಯ ಚಿಕ್ಕಮಾವ ಗಂಟಲು ಸರಿಮಾಡಿಕೊಂಡರು. ನನಗೆ ಗೊತ್ತಿತ್ತು.

"ಏನ್ ಅಳಿಯಂದ್ರೇ, ಹೋದ್ ವರ್ಷ ಏನೋ ಮಾತಾಡಿದ್ರಿ. ಈ ಮೀನು ನಿಮ್ಮ ಹೊಂಡದ್ದೇನಾ?"

ಬಾಯಿ ತೆರೆದೆ. ಯಾವ ಉತ್ತರ ಬರುತ್ತಿತ್ತೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಗೋವಿಂದಪ್ಪ, ಎಲೆ ಅಡಿಕೆ ಜಗಿಯುತ್ತಲೇ, "ಇನ್ಯಾರ್ದು ಮಾವ? ಅಣ್ಣನ್ ಹೊಂಡದ್ದೇ. ಬೆಳಿಗ್ಗೆ ನಾನೇ ಬಲೆ ಹಾಕ್ದೆ" ಎಂದ.

ಚಿಕ್ಕಮಾವ ತಲೆದೂಗಿದರು. ಎಲ್ಲರೂ ನನ್ನನ್ನು ಹೊಗಳಿದರು. ಶಿಸ್ತು ಎಂದರೆ ಹೀಗಿರಬೇಕು ಎಂದರು ಅಜ್ಜಂಪುರದವರು. ನಾನು ಜಗುಲಿಯ ಕೆಳಗಿನ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದೆ. ಬಡಿಸುವಾಗ ಅತ್ತೆ ಕಾಟ್ಲಾದ ತಲೆಯನ್ನು ನನ್ನ ಎಲೆಗೇ ಹಾಕಿ, "ತಿನ್ನಿ ಅಳಿಯಂದ್ರೇ, ನಿಮ್ದೇ ಮೀನು" ಎಂದರು. ಅವರು ನನ್ನ ಮುಖ ನೋಡಲಿಲ್ಲ. ಅದೇ ಅವರ ದೊಡ್ಡತನ. ಅಥವಾ ಸಣ್ಣತನ. ಇನ್ನೂ ತೀರ್ಮಾನಿಸಿಲ್ಲ.

ಸಾರು ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳುವುದೂ ಕಷ್ಟವೇ.

ಸಂಜೆ ಬೈಕು ಹತ್ತುವ ಮೊದಲು ಗೋವಿಂದಪ್ಪ ಷರ್ಟಿನ ಜೇಬಿಗೆ ಕೈ ಹಾಕಿದ. ಬೀಡಿ ತೆಗೆಯುತ್ತಾನೆ ಎಂದುಕೊಂಡೆ. ತೆಗೆದದ್ದು ಒಂದು ಹಳದಿ ಮುಚ್ಚಳ. ಎಣ್ಣೆ ಕ್ಯಾನಿನದು.

"ದಡದಲ್ಲಿ ಬಿದ್ದಿತ್ತು ಅಣ್ಣ. ನಿಮ್ ಸಾಮಾನು ಒಂದೂ ಕಳೀಬಾರ್ದಲ್ಲ, ಅದ್ಕೇ ಎತ್ತಿಟ್ಟಿದ್ದೆ" ಎಂದ. ಅವನ ಮುಖದಲ್ಲಿ ಕೊಂಕು ಹುಡುಕಿದೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಬೈಕು ಹೊರಟಿತು, ಹೊಗೆ ಬಿಟ್ಟುಕೊಂಡು. ಸರ್ವೀಸ್ ಮಾಡಿಸಿ ಎಷ್ಟು ವರ್ಷವಾಯಿತೋ.

ಎರಡು ತಿಂಗಳಿಂದ ಎಲ್ಲ ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಮೀನು ತಂದ. ಗೊತ್ತಿದ್ದೂ ಆ ಮಾತು ಆಡಿದ.

ಈಗ ನನ್ನ ನೀರು ಹದಕ್ಕೆ ಬಂದಿದೆ. ಕೈ ಇಳಿಸಿದರೆ ವಾಚು ಕಾಣುವುದಿಲ್ಲ. ಬರುವ ವರ್ಷದ ಹೊತ್ತಿಗೆ ಮೀನಿನಲ್ಲಿ ಅವನನ್ನು ಹಿಂದೆ ಹಾಕುತ್ತೇನೆ, ಬರೆದಿಟ್ಟುಕೊಳ್ಳಿ. ಆದರೆ ಅವನ ಆ ಮನಸ್ಸಿದೆಯಲ್ಲ, ಅದಕ್ಕೆ ಈ ಸೋಮಾರಿ ಯಾವ ಗೊಬ್ಬರ ಹಾಕುತ್ತಾನೆ?