ದುಬಲಗುಂಡಿಯಲ್ಲಿ ಒಂದು ಸಮುದ್ರ

ಜಗತ್ತಿನ ನಾವಿಕರೆಲ್ಲ ಹಡಗು ಮುಳುಗದಂತೆ ನೋಡಿಕೊಳ್ಳುವುದಕ್ಕೆ ಸಂಬಳ ಪಡೆಯುತ್ತಾರೆ. ದುಬಲಗುಂಡಿಯ ಅಂಬಾದಾಸ ಮಾತ್ರ ಹಡಗು ಮುಳುಗಿಸುವುದಕ್ಕೆ ಪಡೆಯುತ್ತಾನೆ. ಹನ್ನೊಂದು ವರ್ಷಗಳಿಂದ ಅದೇ ಕಸುಬು. ಇಲ್ಲಿಯವರೆಗೆ ಅವನ ಚಪ್ಪಲಿ ಕೂಡ ಒದ್ದೆಯಾಗಿಲ್ಲ.

ಸಮುದ್ರವೆಂಬುದು ದುಬಲಗುಂಡಿಯಿಂದ ಯಾವ ದಿಕ್ಕಿಗೆ ಹೊರಟರೂ ಎರಡು ಬಸ್ಸು ಬದಲಿಸದೆ ಸಿಗುವಂಥದ್ದಲ್ಲ. ಅಲ್ಲಿಯ ತೊಗರಿ, ಜೋಳಗಳೆಲ್ಲ ಆಕಾಶ ನೋಡಿಕೊಂಡು ಬೆಳೆದವು. ಅಂಥ ನೆಲದಲ್ಲಿ ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿದ ಅಂಬಾದಾಸ ಹುಮನಾಬಾದಿನ ನಾಗನಾಥನ ಮೋಟಾರು ರಿಪೇರಿ ಅಂಗಡಿಯಲ್ಲಿ ಆರು ವರ್ಷ ಬೋರಿನೊಳಗಿನ ಪಂಪು ಎತ್ತಿದ, ಇಳಿಸಿದ. ಆಮೇಲೆ ಮುಂಬೈಯ ಬಂದರಿನಲ್ಲಿ ಹಡಗುಗಳ ಪಂಪು ಬಿಚ್ಚಿದ, ಜೋಡಿಸಿದ. ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದಿದೆ ಎಂಬುದನ್ನು ಕೊಳವೆಗೆ ಕಿವಿಯಿಟ್ಟು ಹೇಳಬಲ್ಲ ಈ ಮನುಷ್ಯನನ್ನು ಯಾರೋ ಗುರುತಿಸಿ ಈ ವಿಚಿತ್ರ ಹಡಗಿಗೆ ಹತ್ತಿಸಿದರು.

ಅದು ಹಡಗಿನ ಜಾತಿಗೆ ಸೇರಿದ್ದೋ ಇಲ್ಲವೋ ಎಂದು ಮೊದಲ ದಿನ ಅಂಬಾದಾಸನಿಗೇ ಅನುಮಾನ ಬಂದಿತ್ತು. ಮುಂದೆ ಏಳಂತಸ್ತಿನ ಮನೆ, ಹಿಂದೆ ಎರಡು ಗೋಪುರ, ನಡುವೆ ಮೂರು ಎಕರೆ ಕಬ್ಬಿಣದ ಹೊಲ. ಯಾವ ಕ್ರೇನಿಗೂ ಎತ್ತಲಾಗದ ಸರಕನ್ನು ಹೊರುವುದು ಅದರ ಕೆಲಸ: ಕಡಲಲ್ಲಿ ಎಣ್ಣೆ ತೋಡುವ ಕಬ್ಬಿಣದ ಅಟ್ಟ, ಸೊಂಟ ಮುರಿದ ಬೇರೆ ಹಡಗು, ಹೀಗೆ. ಎತ್ತಲಾಗದ್ದನ್ನು ಹೇರುವುದು ಹೇಗೆ? ಹೊರೆ ಹೇರುವಾಗ ಒಂಟೆ ಮೊಣಕಾಲೂರುತ್ತದಲ್ಲ, ಹಾಗೆ ಈ ಹಡಗೂ ಕೂರುತ್ತದೆ. ಹೊಟ್ಟೆಯೊಳಗಿನ ತೊಟ್ಟಿಗಳಿಗೆಲ್ಲ ಸಮುದ್ರ ತುಂಬಿಕೊಂಡು ಮೆಲ್ಲಗೆ ಇಳಿಯುತ್ತದೆ. ಮೂರು ಎಕರೆ ಹೊಲ ನೀರಿನಡಿ ಹೋಗುತ್ತದೆ. ಮನೆ, ಗೋಪುರಗಳಷ್ಟೇ ಮೇಲೆ. ಸರಕನ್ನು ತೇಲಿಸಿಕೊಂಡು ಬಂದು ಹೊಲದ ಮೇಲೆ ಸರಿಯಾಗಿ ನಿಲ್ಲಿಸುತ್ತಾರೆ. ಆಗ ಹೊಟ್ಟೆಯ ನೀರನ್ನು ಹೊರಗಟ್ಟಿದರೆ ಹಡಗು ಸರಕನ್ನು ಹೊತ್ತು ಎದ್ದು ನಿಲ್ಲುತ್ತದೆ. ಹುಕುಂ ಮೇಲಿನ ಸಾಹೇಬರದು. ಪಂಪು, ವಾಲ್ವುಗಳ ರಾಜ್ಯಭಾರ ಅಂಬಾದಾಸನದು. ನಿಧಾನವಾಗಿ, ಒಂದು ಬೆರಳೂ ಓರೆಯಾಗದೆ ಹಡಗು ಇಳಿಯುವ ಆ ಹೊತ್ತಿನಲ್ಲಿ ಅವನಿಗೆ ಸಿಗುವ ನೆಮ್ಮದಿ ಊರಿನ ಬೇವಿನ ಕಟ್ಟೆಯ ಮೇಲೂ ಸಿಗುವುದಿಲ್ಲ.

ಇದನ್ನೆಲ್ಲ ಅವನು ತಾಯಿಗೆ ಹೇಳಿರಲಿಲ್ಲ. ತಾಯಿ ಶೇವಂತಾಬಾಯಿಗೆ ಎಪ್ಪತ್ತು ದಾಟಿದೆ. ಓಣಿಯ ಜಗಳಗಳೆಲ್ಲ ಆಕೆಯ ಹಗ್ಗದ ಹೊರಸಿನ ಮುಂದೆಯೇ ತೀರ್ಮಾನವಾಗುವುದು. "ಮುಂಬೈ ಕಡೆ ಪಂಪ್‌ಹೌಸ್‌ನಾಗ ನೌಕರಿ" ಎಂದು ಹನ್ನೊಂದು ವರ್ಷ ದೂಡಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಪಂಪು ಇತ್ತು, ಹೌಸೂ ಇತ್ತು, ಎರಡೂ ಮುಳುಗುತ್ತಿದ್ದವು ಅಷ್ಟೇ.

ಈ ಸಲದ ರಜೆಯಲ್ಲಿ ಮಗಳು ವಿಶಾಖಾ ಅಜ್ಜಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದಳು. "ಆಯೀ, ನೋಡಿಲ್ಲಿ, ಅಪ್ಪನ ಹಡಗ!" ಶೇವಂತಾಬಾಯಿ ಕನ್ನಡಕ ಏರಿಸಿ ನೋಡಿದಳು. ಹಡಗು ಮುಳುಗತೊಡಗಿತು. ಪೂರ್ತಿ ಮುಳುಗುವವರೆಗೆ ಉಸಿರು ಬಿಗಿಹಿಡಿದು ನೋಡಿದಳು. ಮೇಲೇಳುವ ಭಾಗ ಬರುವಷ್ಟರಲ್ಲಿ ಮೊಬೈಲು ಹೊರಸಿನ ಮೇಲೆ ಬೋರಲಾಗಿ ಬಿದ್ದಿತ್ತು.

"ಅಂಬ್ಯಾ!"

ನಲವತ್ತಾರು ವರ್ಷದ ಅಂಬಾದಾಸ ಆರು ವರ್ಷದವನಂತೆ ಬಂದು ನಿಂತ.

"ಇದರಾಗ ನೀ ಇರ್ತೀ?"

"ಹೌದು ಯವ್ವಾ, ಆದ್ರ ಅದು..."

"ಮುಳಗೂ ಮುಂದ ಇಳೀತೀ?"

"ಇಲ್ಲ... ಮುಳುಗಸಾಂವನ ನಾನು."

ಶೇವಂತಾಬಾಯಿ ಕೂಗಾಡಲಿಲ್ಲ. ತೀರ್ಪು ಕೊಟ್ಟಳು. "ಸೋಮವಾರ ನೀ ಹೊಂಡೂ ಮುಂದ ನಾ ಬುತ್ತಿ ಕಟ್ಟಂಗಿಲ್ಲ."

ಓದುಗರು ಇದನ್ನು ಸಣ್ಣ ಮಾತೆಂದು ತಿಳಿಯಬಾರದು. ಆ ಮನೆಯಿಂದ ಊರು ಬಿಡುವವರಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ಶೇವಂತಾಬಾಯಿಯೇ ಕಟ್ಟಬೇಕು. ಆಕೆಯ ಕೈಯ ಗಂಟಿಲ್ಲದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಅಂಬಾದಾಸನ ಅಪ್ಪ ಬದುಕಿರುವವರೆಗೆ ಚಿಟಗುಪ್ಪಿಯ ಸಂತೆಗೂ ಬುತ್ತಿಯಿಲ್ಲದೆ ಹೋದವನಲ್ಲ. ಬುತ್ತಿ ಸಿಗದ ದಿನ ಸಂತೆಯೇ ಇಲ್ಲವೆಂದು ತಿಳಿದು ಮಲಗುತ್ತಿದ್ದ. ಈಗ ಸೋಮವಾರ ಸಂಜೆ ಹುಮನಾಬಾದಿನಿಂದ ಮುಂಬೈ ಬಸ್ಸು, ಅಲ್ಲಿಂದ ವಿಮಾನ. ಹತ್ತದಿದ್ದರೆ ಆ ಪಂಪುಗಳ ಮುಂದೆ ಬೇರೆ ಯಾರೋ ನಿಲ್ಲುತ್ತಾರೆ. ತಾಯಿಯ ಮಾತು ಮೀರಿದರೆ ಹಡಗು ಏಳಬಹುದು, ಅವನ ಮನಸ್ಸು ಏಳುವುದಿಲ್ಲ.

ಹೆಂಡತಿ ಸುಂದರಬಾಯಿ ಒಂದು ಉಪಾಯ ಹೇಳಿದಳು: "ಬಾಯಿಲೆ ಹೇಳಿದ್ರ ನಿಮ್ಮವ್ವ ನಂಬಾಂಗಿಲ್ರಿ. ಕಣ್ಣಿಗೆ ತೋರ್ಸ್ರಿ."

ತೋರಿಸುವುದೆಂದೇ ಅಂಬಾದಾಸ ನಿರ್ಧರಿಸಿದ. ಸಮುದ್ರವನ್ನು ದುಬಲಗುಂಡಿಗೆ ತರಿಸುವ ಆ ಮಹಾಕಾರ್ಯ ಶುಕ್ರವಾರ ಆರಂಭವಾಯಿತು.

ಹಡಗು ಕಟ್ಟಿದವನು ಹುಮನಾಬಾದಿನಲ್ಲಿ ತಗಡಿನ ಪೆಟ್ಟಿಗೆ ಮಾಡುವ ಮಕ್ಬೂಲ್. ಮೂರೂವರೆ ಅಡಿ ಉದ್ದ, ಒಳಗೆ ಆರು ಖಾನೆ, ಮನೆಯ ಜಾಗದಲ್ಲೂ ಗೋಪುರವೇ, ನಾಲ್ಕು ಮೂಲೆಗೆ ನಾಲ್ಕು ಎಂದು ಅಂಬಾದಾಸ ಹೇಳಿದಾಗ ಅವನು ತಲೆ ಕೆರೆದುಕೊಂಡ.

"ತೂತು ಎಲ್ಲೆಲ್ಲಿ ಇಡ್ಲಿ?"

"ನೀರು ಒಳಗ ಬರಾಕ ಖಾನೆಗೊಂದು."

"ಅಂದ್ರ ಮುಳುಗಬೇಕು?"

"ಹೂಂ, ಮುಳುಗಬೇಕು."

"ಅಂಬಾದಾಸ ಭಾಯ್, ಮೊದಲ ಹೇಳಬಾರದೇನು! ನಂದು ಎಲ್ಲಾ ಡಬ್ಬಿನೂ ಸೋರ್ತಾವಂತ ಇಪ್ಪತ್ತು ವರ್ಷದಿಂದ ಗಿರಾಕಿ ಬಯ್ಯಾಕತ್ತಾರ. ಮೆಚ್ಚಿ ಕೇಳಿದಾಂವ ನೀ ಒಬ್ಬನ."

ಸಮುದ್ರಕ್ಕೆ ದನಗಳು ನೀರು ಕುಡಿಯುವ ಓಣಿಯ ಸಿಮೆಂಟಿನ ತೊಟ್ಟಿ ಸಿಕ್ಕಿತು. ಅಂಬಾದಾಸ ಅದನ್ನು ಮೂರು ಸಲ ತಿಕ್ಕಿ ತೊಳೆದ. ನೀರು ತಂದವನು ಟ್ಯಾಂಕರಿನ ಫಿರೋಜ್. ಚಿಟಗುಪ್ಪಿಯ ಮದುವೆ ಮನೆಗೆ ಸುರಿದು ಉಳಿದದ್ದನ್ನು ಭಾನುವಾರ ಬೆಳಿಗ್ಗೆ ತೊಟ್ಟಿಗೆ ಬಿಟ್ಟ. ಒಳಗಿನ ನೀರು ಹೊರಗಟ್ಟಲು ಮನೆಯ ಕೂಲರಿನ ಪಂಪು ಬಿಚ್ಚಿ ತಂದದ್ದಾಯಿತು. ಸರಕು ಏನು? ಅಡುಗೆಮನೆಯಿಂದ ಒಂದು ದೊಡ್ಡ ಪರಾತ ತಂದು ಅದರೊಳಗೆ ಗುಂಡುಕಲ್ಲು ಇಟ್ಟ.

"ಏ, ಅದು ನಾ ಹಿಟ್ಟು ನಾದೂ ಪರಾತ!" ಹೊರಸಿನ ಮೇಲೆ ಆಸೀನಳಾಗಿದ್ದ ಶೇವಂತಾಬಾಯಿ ಗದರಿದಳು.

"ಈಗ ಅದು ಎಣ್ಣಿ ಬಾವಿ ತೋಡೂ ಅಟ್ಟ, ಯವ್ವಾ."

"ಅಟ್ಟ ಮುಳುಗಿದ್ರ ನಿನಗ ರೊಟ್ಟಿ ಇಲ್ಲ."

ಓಣಿಯೆಲ್ಲ ನೆರೆದಿತ್ತು. ಅಂಬಾದಾಸ ಖಾನೆಗಳ ಬೂಚು ಬಿಚ್ಚಿದ. ತಗಡಿನ ಹಡಗು ಗುಳುಗುಳು ಎನ್ನುತ್ತ ಇಳಿಯಿತು. ನಾಲ್ಕು ಗೋಪುರಗಳ ತುದಿಯಷ್ಟೇ ಉಳಿದವು. ಪರಾತವನ್ನು ಒಂದು ಕಡ್ಡಿಯಿಂದ ತಳ್ಳಿ, ಮುಳುಗಿದ ಹೊಲದ ನೇರ ಮೇಲೆ ತಂದು ನಿಲ್ಲಿಸಿದ. ಗೋಪುರಗಳಿಗೆ ದಾರ ಕಟ್ಟಿ ಅಲುಗದಂತೆ ಮಾಡಿದ. ದೊಡ್ಡ ಹಡಗಿನಲ್ಲಿ ಸಾಹೇಬರು ಕೈಯೆತ್ತುವ ಗತ್ತಿನಲ್ಲಿ ಕೈಯೆತ್ತಿ, "ಈಗ ನೋಡ್ರಿ, ಏಳ್ತದ!" ಎಂದು ಪಂಪಿನ ಗುಂಡಿ ಒತ್ತಿದ.

ಕರೆಂಟು ಹೋಯಿತು.

ಶೇವಂತಾಬಾಯಿ ಮಂಡಿಯ ಮೇಲೆ ಕೈಯಿಟ್ಟು ಹೇಳಿದಳು: "ಮುಳುಗ್ತದ ಅಂದಿದ್ದೆ. ಮುಳುಗ್ತು. ನೋಡಿದ್ವಿ. ಆತು."

"ಯವ್ವಾ, ಹತ್ತ ನಿಮಿಷ! ಧನರಾಜನ ಅಂಗಡ್ಯಾಗ ಇನ್ವರ್ಟರ್ ಬ್ಯಾಟರಿ ಅದ, ತರ್ತೀನಿ!" ಎಂದು ಅಂಬಾದಾಸ ಓಡಿದ.

ಅವನು ಮಾಡಿದ ತಪ್ಪು ಇದೇ. ನಾಲ್ಕೂ ಕಡೆ ನೀರಿರುವ ಕಡೆ ಹನ್ನೊಂದು ವರ್ಷ ಕಳೆದ ಮನುಷ್ಯ ತನ್ನ ಓಣಿಯ ಕಾಯಿದೆಯನ್ನೇ ಮರೆತಿದ್ದ. ಬೇಸಿಗೆಯಲ್ಲಿ ನಳ ನಾಲ್ಕು ದಿನಕ್ಕೊಮ್ಮೆ. ಟ್ಯಾಂಕರು ಯಾರ ಹೆಸರಿನಲ್ಲಿ ಬಂದರೂ ಮೊದಲು ಕೊಡ ಇಡಬೇಕು, ಆಮೇಲೆ ಕೇಳಬೇಕು. ಆಟ ಮುಗಿಯಲಿ ಎಂದು ಹೆಂಗಸರು ಅಷ್ಟು ಹೊತ್ತು ತಡೆದದ್ದೇ ಅವರ ದೊಡ್ಡ ಗುಣ. ನ್ಯಾಯ ಹೇಳುವಾಕೆಯೇ "ಆತು" ಎಂದ ಮೇಲೆ ಇನ್ನೇನು?

ಬ್ಯಾಟರಿ ಹೊತ್ತು ಏದುಸಿರು ಬಿಡುತ್ತ ಬಂದ ಅಂಬಾದಾಸನಿಗೆ ಸಮುದ್ರ ಕಾಣಲಿಲ್ಲ. ತೊಟ್ಟಿಯ ತಳ ಕಾಣಿಸಿತು. ಆ ತಳಕ್ಕೆ ಬಗ್ಗಿ, ಕೊನೆಯ ನೀರನ್ನು ಚರಗಿಯಿಂದ ಬಳಿದು ಕೊಡಕ್ಕೆ ಸುರಿಯುತ್ತಿದ್ದವಳು ಅವನ ಧರ್ಮಪತ್ನಿ ಸುಂದರಬಾಯಿ.

"ನೀನೂ?"

"ಮತ್ತೇನ್ರಿ! ಮನ್ಯಾಗ ಅರಬಿ ಒಗಿಯಾಕ ನೀರಿಲ್ಲ, ನೀವು ಬೀದ್ಯಾಗ ಸಮುದ್ರ ಮಾಡೀರಿ. ಮೊದಲನೇ ಕೊಡನೂ ನಂದ."

ಅಂಬಾದಾಸ ಸಿಟ್ಟಿನಿಂದ ಬ್ಯಾಟರಿಯನ್ನು ಕೆಳಗೆ ಕುಕ್ಕಿದ. ಅಷ್ಟರಲ್ಲಿ ಅವನ ಕಣ್ಣು ಹಡಗಿನ ಮೇಲೆ ಬಿತ್ತು. ನೀರು ಇಳಿದಂತೆ ಪರಾತವೂ ಇಳಿದು, ಹಡಗಿನ ಬೆನ್ನಿನ ನಟ್ಟನಡುವೆ, ಒಂದು ಕೂದಲೆಳೆಯೂ ಆಚೀಚೆಯಾಗದೆ ಕೂತಿತ್ತು. ನೀರಿನ ಕೆಲಸ ಬಲ್ಲವನಿಗೆ ಇಂಥದ್ದು ಕಂಡರೆ ಸಿಟ್ಟು ನಿಲ್ಲುವುದಿಲ್ಲ. "ಅಬ್ಬಬ್ಬಾ, ಏನ್ ಕುಂತದ!" ಎಂದು ಗಟ್ಟಿಯಾಗಿಯೇ ಅಂದುಬಿಟ್ಟ.

ಆಮೇಲೆ ತಾಯಿಯ ಹೊರಸಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಯವ್ವಾ, ಓಣ್ಯಾಗ ಜಗಳಾ ಬಂದ್ರ ಒಬ್ಬರ ಮಾತು ಕೇಳಿ ನ್ಯಾಯ ಹೇಳ್ತೀಯೇನು?"

"ಯಾವತ್ತೂ ಹೇಳಿಲ್ಲ."

"ಮುಳುಗೂದು ನೋಡಿದಿ. ಏಳೂದು ನೋಡೇ ಇಲ್ಲ. ಅರ್ಧಾ ನೋಡಿ ಹ್ಯಾಂಗ ಬುತ್ತಿ ಬ್ಯಾಡ ಅಂತೀ?"

ಶೇವಂತಾಬಾಯಿ ತೊಟ್ಟಿಯತ್ತ ನೋಡಿದಳು. ಮಗನ ಮೇಲಿನ ಭಯ ಒಂದು ಕಡೆ, ನ್ಯಾಯದ ಹೆಸರು ಇನ್ನೊಂದು ಕಡೆ, ತೊಟ್ಟಿಯಲ್ಲಿ ಸಿಕ್ಕಿಕೊಂಡ ಪರಾತ ಮತ್ತೊಂದು ಕಡೆ. ಕೊನೆಗೆ ಕೋಲೂರಿ ಎದ್ದಳು.

"ಒಯ್ದ ನೀರೆಲ್ಲಾ ತರ್ರಿ."

ಓಣಿ ಬೆಚ್ಚಿತು. ಒಮ್ಮೆ ಕೊಡಕ್ಕೆ ಬಂದ ನೀರು ತಿರುಗಿ ಹೋದ ಉದಾಹರಣೆ ಊರಿನ ಚರಿತ್ರೆಯಲ್ಲಿಲ್ಲ. "ಆಯೀ, ಅರ್ಧಾ ಕೊಡ ಖರ್ಚಾಗ್ಯಾದ," ಎಂದು ಯಾರೋ ರಾಗ ತೆಗೆದರು.

"ಉಳಿದ ಅರ್ಧಾ ತಾ. ನೋಡಿಂದ ತಿರುಗಿ ನಿಮಗ ಕೊಡಸ್ತೀನಿ. ನನ್ನ ಮಾತು."

ಕೊಡಗಳು ಬರುವಷ್ಟರಲ್ಲಿ ಅಂಬಾದಾಸ, ಇನ್ನು ಕರೆಂಟಿನ ಗೊಡವೆಯೇ ಬೇಡವೆಂದು ಪಂಪನ್ನೂ ಬ್ಯಾಟರಿಯನ್ನೂ ಬದಿಗಿಟ್ಟು, ಸ್ಕೂಟರಿನಿಂದ ಪೆಟ್ರೋಲು ಎಳೆಯುವವರಂತೆ ಸಣ್ಣ ಪೈಪಿಗೆ ಬಾಯಿಯಿಟ್ಟು ಖಾನೆಗಳಲ್ಲಿ ಉಳಿದಿದ್ದ ನೀರನ್ನು ಒಂದೊಂದಾಗಿ ತೊಟ್ಟಿಯ ಹೊರಗೆ ಎಳೆದ. ಹೊರಬಿದ್ದ ಆ ನೀರಿಗೂ ಸುಂದರಬಾಯಿ ಬಕೆಟ್ಟು ಹಿಡಿದಿದ್ದಳು. ಆರೂ ಖಾನೆ ಖಾಲಿಯಾದ ಮೇಲೆ ಬೂಚು ಬಿಗಿದು, ದಾರ ಸಡಿಲಿಸಿ, "ಈಗ ಸುರೀರಿ, ಮೆಲ್ಲಕ" ಎಂದ.

ಒಂದು ಕೊಡ, ಎರಡು ಕೊಡ. ಹಡಗು ತಳಕ್ಕೆ ಅಂಟಿಕೊಂಡೇ ಇತ್ತು. ಮೂರು, ನಾಲ್ಕು. "ಎದ್ದಿಲ್ಲೇಳು," ಎಂದು ಫಿರೋಜ್ ಟ್ಯಾಂಕರಿನ ಮೇಲಿನಿಂದ ಕುಟುಕಿದ. ಅಂಬಾದಾಸ ಅವನತ್ತ ನೋಡಲಿಲ್ಲ. ತೊಟ್ಟಿಯ ಅಂಚಿಗೆ ಗಲ್ಲವೂರಿ ಕೂತಿದ್ದ. ದೊಡ್ಡ ಹಡಗಿನಲ್ಲಿ ಸಾವಿರಾರು ಟನ್ನು ಎತ್ತುವಾಗಲೂ ಅವನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ. ಐದನೆಯ ಕೊಡ ಶೇವಂತಾಬಾಯಿಯ ಮನೆಯದು. ಅದನ್ನು ಸೊಸೆಯ ಕೈಯಿಂದ ಕಸಿದು ಮುದುಕಿಯೇ ಎರಡೂ ಕೈಯಿಂದ ಸುರಿದಳು.

ಹಡಗಿನ ಒಂದು ಮೂಲೆ ಮಿಸುಕಿತು. ಇನ್ನೊಂದು ಮೂಲೆ ಮಿಸುಕಿತು. ಆಮೇಲೆ ಇಡೀ ಹಡಗು, ಪರಾತ, ಗುಂಡುಕಲ್ಲು ಸಮೇತ, ನಿದ್ದೆಯಿಂದೆದ್ದ ಎಮ್ಮೆಯಂತೆ ನಿಧಾನವಾಗಿ ಮೈ ಎತ್ತಿ ತೇಲಿತು. ಸುರಿದ ಪ್ರತಿ ಕೊಡಕ್ಕೂ ಒಂದೊಂದು ಬೆರಳು ಮೇಲೆ. ಅದರ ಬೆನ್ನು ಮಾತ್ರ ಬಿಸಿಲಿಗೆ ಒಣಗುತ್ತಿತ್ತು.

ಶೇವಂತಾಬಾಯಿ ಬಗ್ಗಿ ಪರಾತದೊಳಗೆ ಕೈಯಾಡಿಸಿದಳು. ಒಣಗಿತ್ತು. ಒಂದು ಬೆರಳಿನಿಂದ ಹಡಗನ್ನು ಕೆಳಗೆ ಒತ್ತಿ ನೋಡಿದಳು. ಅದು ತಿರುಗಿ ಎದ್ದಿತು. ಇನ್ನೊಮ್ಮೆ ಜೋರಾಗಿ ಒತ್ತಿದಳು, ಮತ್ತೆ ಎದ್ದಿತು. ಮೂರನೆಯ ಸಲ ಒತ್ತಿದ್ದು ಪರೀಕ್ಷೆಗಲ್ಲ, ಮಜಾ ಅನ್ನಿಸಿದ್ದಕ್ಕೆ.

"ಅಂಬ್ಯಾ," ಎಂದಳು, "ನೀ ಮುಳುಗಸಾಂವ ಅಂತ ಯಾಕ ಹೇಳಿದಿ? ಎಬ್ಬಸಾಂವ ಅನ್ನಬೇಕಿಲ್ಲೋ, ಮಂಗ್ಯಾ!"

ಕೊಡದವರಿಗೆ ಕೊಡ ಮುಟ್ಟಿಸಿ, ಪರಾತ ತೊಳೆದು, ಶೇವಂತಾಬಾಯಿ ಒಳಗೆ ಹೋಗಿ ಜೋಳದ ಹಿಟ್ಟು ಸುರುವಿಕೊಂಡಳು. ಒಂದು ಬುತ್ತಿಗೆ ಆಗುವಷ್ಟಲ್ಲ. ಇಡೀ ಹಡಗಿಗೆ ಆಗುವಷ್ಟು. "ನಿಮ್ಮ ಸಾಹೇಬಗೂ ಒಂದೆರಡು ಕೊಡು. ಹುಕುಂ ಹಾಕಿ ಹಾಕಿ ಹಸಿವಾಗಿರತದ."

ಸೋಮವಾರ ಸಂಜೆ ಹುಮನಾಬಾದಿನ ಬಸ್ ಸ್ಟ್ಯಾಂಡಿಗೆ ಆಕೆಯೇ ಬಂದಿದ್ದಳು. ಪಕ್ಕದಲ್ಲಿ ಕೂತಿದ್ದ ಬಸವಕಲ್ಯಾಣದ ವ್ಯಾಪಾರಿಯೊಬ್ಬರು ಇಷ್ಟು ದೊಡ್ಡ ಗಂಟು ಕಂಡು, "ಎಲ್ಲಿಗ್ರಿ ಸವಾರಿ?" ಎಂದು ಕೇಳಿದ್ದೇ ತಡ, ಶೇವಂತಾಬಾಯಿ ಹಡಗಿನ ಹೊಟ್ಟೆ, ಖಾನೆ, ಗೋಪುರಗಳನ್ನೆಲ್ಲ ಅರ್ಧ ಗಂಟೆ ವಿವರಿಸಿದಳು. ಅರ್ಧದಷ್ಟು ತಪ್ಪು ಹೇಳಿದಳು. ಅಂಬಾದಾಸ ತಿದ್ದಲಿಲ್ಲ, ಶೇಂಗಾ ತಿನ್ನುತ್ತ ತಲೆಯಾಡಿಸಿದ.

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತಾಗ ಆಕೆ ಕೆಳಗಿನಿಂದ ಕೋಲಿನಲ್ಲಿ ಕಿಟಕಿ ಬಡಿದಳು.

"ಏ, ನಿಮ್ಮ ಸಾಹೇಬಗ ಒಂದ್ ಮಾತು ಹೇಳು. ಹಡಗ ಎಬ್ಬಿಸಾಕ ಕರೆಂಟ್ ನಂಬಬ್ಯಾಡ್ರಿ, ನಮ್ಮ ಓಣಿ ಹೆಣ್ಮಕ್ಕಳನ್ನ ಕರೀರಿ ಅನ್ನು."

"ಹೇಳ್ತೀನಿ ಯವ್ವಾ," ಎಂದ ಅಂಬಾದಾಸ. ಬಸ್ಸು ಹೊರಟ ಮೇಲೂ ಆ ಮಾತನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಅವನು ನಿಜವಾಗಿಯೇ ಯೋಚಿಸುತ್ತಿದ್ದ.