ಕಂಪೈಲರ್ ಅಳಿಸಿದ ಪ್ರಶ್ನೆ

ಹದಿನಾರರಿಂದ ಭಾಗಿಸಿದಾಗ ಶೇಷ ಸೊನ್ನೆ ಬರಬೇಕು. ಎರಡು ವರ್ಷ ನಾನು ಮಾಡಿದ ಕೆಲಸವನ್ನೆಲ್ಲ ಈ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು.

ಈ ಶತಮಾನದ ಮೊದಲ ವರ್ಷಗಳು ಅವು. ಲಂಡನ್ನಿನ ಓಲ್ಡ್ ಸ್ಟ್ರೀಟ್ ಸ್ಟೇಷನ್ ಹತ್ತಿರ, ಒಂದು ಕಾರ್ಪೆಟ್ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿ ನಮ್ಮ ಸಣ್ಣ ಕಂಪನಿಯಿತ್ತು. ಪ್ರೋಗ್ರಾಮರುಗಳು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರನ್ನು ಅಲ್ಲಿ ತಯಾರಿಸುತ್ತಿದ್ದರು. ನಾನು ಅದನ್ನು ಪರೀಕ್ಷಿಸುವವಳು. ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ತನ್ನ ತಾತ್ಕಾಲಿಕ ಸಾಮಾನು ಇಟ್ಟುಕೊಳ್ಳಲು ಸ್ಟ್ಯಾಕ್ ಎಂಬ ಒಂದು ಜಾಗವಿರುತ್ತದೆ. ಪ್ರೋಗ್ರಾಮಿನ ಒಂದು ತುಣುಕು, ಅಂದರೆ ಫಂಕ್ಷನ್, ಇನ್ನೊಂದನ್ನು ಕರೆದಾಗಲೆಲ್ಲ ಅದರ ಮೇಲೆ ಇನ್ನಷ್ಟು ಪೇರಿಸುತ್ತಾ ಹೋಗುತ್ತದೆ. ಆಗಷ್ಟೇ ಬಂದಿದ್ದ ಪ್ರೊಸೆಸರುಗಳಲ್ಲಿ ನಾಲ್ಕು ಸಂಖ್ಯೆಗಳನ್ನು ಒಂದೇ ಸಲಕ್ಕೆ ಎತ್ತಿಕೊಳ್ಳುವ ಹೊಸ ಸೂಚನೆಗಳಿದ್ದವು. ಎತ್ತಬೇಕಾದದ್ದು ಸ್ಟ್ಯಾಕಿನಲ್ಲಿ ಕೂತಿರುವ ಜಾಗದ ಕ್ರಮಸಂಖ್ಯೆ, ಅಂದರೆ ವಿಳಾಸ, ಹದಿನಾರರಿಂದ ಸರಿಯಾಗಿ ಭಾಗವಾಗಬೇಕು, ಅದೊಂದೇ ಷರತ್ತು. ನಾಲ್ಕೋ ಎಂಟೋ ಉಳಿದರೆ ಪ್ರೋಗ್ರಾಮ್ ಅಲ್ಲೇ ಸಾಯುತ್ತದೆ. ಹಾಗೆ ಉಳಿಯದಂತೆ ನೋಡಿಕೊಳ್ಳುವುದು ಕಂಪೈಲರಿನ ಜವಾಬ್ದಾರಿ. ಅದು ನೋಡಿಕೊಳ್ಳುತ್ತಿದೆಯೇ ಎಂದು ನೋಡುವುದು ನನ್ನದು.

ಅದಕ್ಕಾಗಿ ನೂರಾರು ಪುಟ್ಟ ಪ್ರೋಗ್ರಾಮುಗಳನ್ನು ಬರೆದಿದ್ದೆ. ಎಲ್ಲವೂ ಮಾಡುವುದು ಒಂದೇ ಕೆಲಸ: ಸ್ಟ್ಯಾಕಿನಲ್ಲಿ ಒಂದು ವಸ್ತುವನ್ನಿಟ್ಟು, ಅದರ ವಿಳಾಸವನ್ನು ಹದಿನಾರರಿಂದ ಭಾಗಿಸಿ, ಶೇಷ ಸೊನ್ನೆಯಾದರೆ ಪಾಸ್ ಎನ್ನುವುದು, ಇಲ್ಲವಾದರೆ ಫೇಲ್. ಬೆಳಿಗ್ಗೆ ಬಂದು ಕೂತರೆ ಪರದೆಯ ಮೇಲೆ ಉದ್ದಕ್ಕೆ ಪಾಸ್, ಪಾಸ್, ಪಾಸ್. ಅದನ್ನು ನೋಡಿ ಟೀ ಮಾಡಿಕೊಳ್ಳಲು ಏಳುತ್ತಿದ್ದೆ.

ಅಲ್ಲಿ ಕನ್ನಡ ಮಾತನಾಡುವ ಇನ್ನೊಬ್ಬರೆಂದರೆ, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಒಬ್ಬ ಸಹೋದ್ಯೋಗಿ. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಬಹಳ ಹಿಂದೆಯೇ ಲಂಡನ್ನಿಗೆ ಬಂದು ಈಸ್ಟ್ ಹ್ಯಾಮಿನಲ್ಲಿ ನೆಲೆಯೂರಿದವರು. ಹೊಸ ಸೂಚನೆಗಳನ್ನು ಹೊರಡಿಸುವ ಕಂಪೈಲರಿನ ಭಾಗವನ್ನು ಪೂರ್ತಿಯಾಗಿ ಅವರೇ ಬರೆದದ್ದು. ಸ್ಟ್ಯಾಕನ್ನು ಜೋಡಿಸುವ ಭಾಗ ಅವರದಲ್ಲ, ಅದನ್ನು ಬರೆದವನು ಯಾವಾಗಲೋ ಕಂಪನಿ ಬಿಟ್ಟು ಹೋಗಿದ್ದ. ಮೊದಲ ವಾರ ನಾನು ಅವರನ್ನು ಸರ್ ಎಂದು ಕರೆದಾಗ, “ಸರ್ ಎಂತಕ್ಕೆ? ನಾನು ನಿನಗೆ ಪಾಠ ಮಾಡಿದ್ದುಂಟಾ?” ಎಂದಿದ್ದರು. ನನ್ನ ಮೈಸೂರು ಕನ್ನಡ ಅವರಿಗೆ ರೇಡಿಯೋ ಕೇಳಿದ ಹಾಗಾಗುತ್ತಿತ್ತಂತೆ.

ನಾನು ಬಂದದ್ದು ವರ್ಕ್ ಪರ್ಮಿಟ್ ಮೇಲೆ. ಅದು ನನ್ನ ಹೆಸರಿಗಿದ್ದರೂ ಕಂಪನಿಗೆ ಕಟ್ಟಿಹಾಕಿದ್ದು. ಕೆಲಸ ಹೋದರೆ ಪರ್ಮಿಟ್ಟೂ ಹೋದಂತೆ, ಅದರ ಜೊತೆಗೆ ನನ್ನ ಗಂಡನ ಮತ್ತು ಮಗಳ ವೀಸಾ ಕೂಡ. ನಾಲ್ಕು ವರ್ಷ ತುಂಬಿದರೆ ಇಲ್ಲೇ ನಿಲ್ಲಲು ಅರ್ಜಿ ಹಾಕಬಹುದಿತ್ತು. ನನಗೆ ಇನ್ನು ಏಳು ತಿಂಗಳು ಬಾಕಿ, ಪರ್ಮಿಟ್ ಮುಗಿಯುವುದು ಎರಡೇ ತಿಂಗಳಲ್ಲಿ. ಆ ನಡುವಿನ ಐದು ತಿಂಗಳಿಗೆ ಪರ್ಮಿಟ್ ಮುಂದುವರಿಸುವ ಫಾರ್ಮ್ ತುಂಬಿ ಮ್ಯಾನೇಜರನ ಮೇಜಿನ ಮೇಲಿಟ್ಟಿದ್ದೆ. ಸಹಿ ಆಗಬೇಕಿತ್ತು. ಡೈರೆಕ್ಟರ್ ಗುರುವಾರ ಬರುತ್ತಾರೆ, ಅವತ್ತು ಹಾಕೋಣ ಎಂದು ಮ್ಯಾನೇಜರ್ ಹೇಳಿದ್ದ. ಅದೇ ವಾರ ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆ ಎಂಬ ಸುದ್ದಿಯೂ ಇತ್ತು.

ಇಲ್ಲಿಯವರೆಗೆ ಬರೆದದ್ದರಲ್ಲಿ ನನಗೆ ಅನುಮಾನವಿಲ್ಲ. ಮುಂದಿನದನ್ನು ಡೈರಿ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನನ್ನ ನೆನಪು ಒಂದು ಹೇಳುತ್ತದೆ, ನನ್ನ ಕೈಬರಹ ಇನ್ನೊಂದು ಹೇಳುತ್ತದೆ.

ಸೋಮವಾರ ಒಂದು ದೂರು ಬಂತು. ಧ್ವನಿ ಸಂಕಲನದ ಸಾಫ್ಟ್‌ವೇರ್ ಮಾಡುವ ಒಬ್ಬ ಗಿರಾಕಿಯ ಪ್ರೋಗ್ರಾಮ್, ನಮ್ಮ ಹೊಸ ಆವೃತ್ತಿಯಲ್ಲಿ ಕಂಪೈಲ್ ಮಾಡಿದಾಗಿನಿಂದ, ಆಗೊಮ್ಮೆ ಈಗೊಮ್ಮೆ ಸಾಯುತ್ತಿದೆ. ಸತ್ತದ್ದು ಸರಿಯಾಗಿ ಆ ಹೊಸ ಸೂಚನೆಯ ಮೇಲೆ. ಸಭೆಯಲ್ಲಿ ಮ್ಯಾನೇಜರ್ ನನ್ನ ಕಡೆ ತಿರುಗಿ, ಸ್ಟ್ಯಾಕಿನ ಪರೀಕ್ಷೆಗಳು ಪಾಸಾಗಿವೆ ತಾನೇ ಎಂದು ಕೇಳಿದ. ಎಲ್ಲವೂ ಪಾಸ್ ಎಂದೆ. ಹಾಗಿದ್ದರೆ ಸ್ಟ್ಯಾಕಿನದ್ದಲ್ಲ ಎಂದು ಅವನು ಬೋರ್ಡಿನಲ್ಲಿದ್ದ ಆ ಪದವನ್ನು ಹೊಡೆದುಹಾಕಿದ. ಉಳಿದದ್ದು ಹಿರಿಯರ ಭಾಗ ಮಾತ್ರ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮಂಗಳವಾರ ಅವರಿಗೆ ಸಹಾಯ ಮಾಡಲೆಂದೇ ನಾನು ನನ್ನದೊಂದು ಪರೀಕ್ಷೆಯನ್ನು ಬಿಚ್ಚಿದೆ. ಅಂದರೆ, ಕಂಪೈಲರ್ ಅದನ್ನು ಯಂತ್ರದ ಭಾಷೆಗೆ ಹೇಗೆ ತಿರುಗಿಸಿದೆ ಎಂದು ಸಾಲು ಸಾಲಾಗಿ ಓದತೊಡಗಿದೆ. ವಸ್ತುವನ್ನು ಇಡುವ ಸಾಲು ಇತ್ತು. ಪಾಸ್ ಎಂದು ಬರೆಯುವ ಸಾಲು ಇತ್ತು. ನಡುವೆ ಭಾಗಾಕಾರ ಇರಲಿಲ್ಲ, ಹೋಲಿಕೆ ಇರಲಿಲ್ಲ, ಫೇಲ್ ಎಂಬ ಪದವೇ ಇರಲಿಲ್ಲ.

ಅರ್ಥವಾಗಲು ಸುಮಾರು ಹೊತ್ತು ಹಿಡಿಯಿತು. ನಾನು ಆ ವಸ್ತುವನ್ನು ಹದಿನಾರರಿಂದ ಭಾಗವಾಗುವ ವಿಳಾಸದಲ್ಲಿ ಇಡಬೇಕು ಎಂದು ಕಂಪೈಲರಿಗೆ ಹೇಳಿದ್ದೆ. ಆಮೇಲೆ, ಇಟ್ಟಿದ್ದೀಯಾ ಎಂದು ಕೇಳುವ ಸಾಲನ್ನೂ ಅದೇ ಕಂಪೈಲರಿನ ಕೈಗೇ ಕೊಟ್ಟಿದ್ದೆ. ಅದರ ಮಟ್ಟಿಗೆ ಅದು ಉತ್ತರ ಗೊತ್ತಿರುವ ಪ್ರಶ್ನೆ. ಇಟ್ಟೇ ಇರುತ್ತೇನಲ್ಲ, ಲೆಕ್ಕ ಮಾಡುವುದೇಕೆ ಎಂದು, ವೇಗ ಹೆಚ್ಚಿಸುವ ಹುರುಪಿನಲ್ಲಿ ಅದು ಪ್ರಶ್ನೆಯನ್ನೇ ಅಳಿಸಿ, ಪಾಸ್ ಎಂಬುದನ್ನು ಮಾತ್ರ ಉಳಿಸಿತ್ತು. ಇನ್ನೊಂದನ್ನು ಬಿಚ್ಚಿದೆ, ಮತ್ತೊಂದನ್ನು ಬಿಚ್ಚಿದೆ. ಎಲ್ಲವೂ ಹಾಗೆಯೇ. ಎರಡು ವರ್ಷದಿಂದ ನನ್ನ ಒಂದು ಪರೀಕ್ಷೆಯೂ ಏನನ್ನೂ ನೋಡಿರಲಿಲ್ಲ.

ಲೆಕ್ಕವನ್ನು ಬೇರೆ ಕಡತದಲ್ಲಿ, ಕಂಪೈಲರಿಗೆ ಒಟ್ಟಿಗೆ ಕಾಣದಂತೆ ಬರೆದು ಮತ್ತೆ ಓಡಿಸಿದೆ. ಫೇಲ್. ಬೇರೆಯವರು ಹಿಂದೆಯೇ ಬರೆದಿಟ್ಟ ಕೋಡಿನ ಸಂಗ್ರಹ, ಅಂದರೆ ಹಳೆಯ ಲೈಬ್ರರಿಯೊಂದು, ನಮ್ಮ ಫಂಕ್ಷನನ್ನು ಕರೆದ ಕಡೆಯೆಲ್ಲ ಫೇಲ್. ತಪ್ಪು ಸ್ಟ್ಯಾಕಿನಲ್ಲೇ ಇತ್ತು. ಹಿರಿಯರ ಭಾಗದಲ್ಲಿ ಏನೂ ಇರಲಿಲ್ಲ.

ಆಮೇಲೆ ನಾನು ಆ ಹೊಸ ಕಡತವನ್ನು ಉಳಿಸದೆ ಮುಚ್ಚಿದೆ.

ಈ ವಾಕ್ಯ ಡೈರಿಯಲ್ಲಿಲ್ಲ. ಡೈರಿಯಲ್ಲಿ ಮಂಗಳವಾರದ ಕೆಳಗೆ ಇರುವುದು ಇಷ್ಟು: “ಹೋಲಿಕೆಯ ಸಾಲೇ ಇಲ್ಲ. ಮಗಳ ಕೈಚೀಲ ಸ್ಕೂಲಿನಲ್ಲಿ ಉಳಿದಿದೆ. ಫಾರ್ಮ್?” ಆ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಪೆನ್ನನ್ನು ಎರಡು ಮೂರು ಸಲ ಆಡಿಸಿದ್ದೇನೆ, ಕಾಗದ ಹರಿಯುವಷ್ಟು.

ಬುಧವಾರದ ಪುಟದಲ್ಲಿ ಹವಾಮಾನ ಬಿಟ್ಟರೆ ಬೇರೇನಿಲ್ಲ. ಆದರೆ ಬುಧವಾರ ನನಗೆ ಬಹಳ ಚೆನ್ನಾಗಿ ನೆನಪಿದೆ, ನನಗೆ ಭಯ ಹುಟ್ಟಿಸುವುದೂ ಅದೇ. ನೆನಪಿನಲ್ಲಿ ನಾನು ಮತ್ತು ಹಿರಿಯರು ಆಫೀಸಿನ ಅಡುಗೆಕೋಣೆಯಲ್ಲಿ ನಿಂತಿದ್ದೇವೆ. ಕೆಟಲ್ ಕುದಿಯುತ್ತಿದೆ. ನಾನು ಎಲ್ಲವನ್ನೂ ಹೇಳುತ್ತೇನೆ. ಅವರು ಕಪ್ಪಿನಲ್ಲಿ ಚಮಚ ತಿರುಗಿಸುತ್ತಾ, “ಮೊದಲು ನಿನ್ನ ಫಾರ್ಮಿಗೆ ಸೈನ್ ಆಗ್ಲಿ ಮಾರಾಯ್ತಿ. ಮತ್ತೆ ಹೇಳುವ,” ಎನ್ನುತ್ತಾರೆ. ಆ ಮಾತಿನ ಎಳೆತ, ಚಮಚದ ಸದ್ದು, ಎಲ್ಲ ಸ್ಪಷ್ಟವಾಗಿದೆ.

ಗುರುವಾರ ಬೆಳಿಗ್ಗೆ ಸಹಿ ಆಯಿತು. ಮಧ್ಯಾಹ್ನ ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಮೇಲಿನ ಮಹಡಿಗೆ ಕರೆದರು. ಮೂರನೆಯವರು ಹಿರಿಯರು. ಗಿರಾಕಿಯ ದೂರಿನ ಮೇಲೇ ತೆಗೆದರೆಂದು ಯಾರೂ ಹೇಳಲಿಲ್ಲ, ಆ ದೂರಿಲ್ಲದಿದ್ದರೆ ಅವರು ಉಳಿಯುತ್ತಿದ್ದರೋ ನನಗೆ ತಿಳಿಯದು. ತಿಳಿಯದು ಎನ್ನುವುದನ್ನೂ ನಾನು ಅನುಕೂಲಕ್ಕಾಗಿ ಬರೆಯುತ್ತಿರಬಹುದು. ಅವರು ಅವತ್ತೇ ಆಫೀಸಿನ ಗುರುತಿನ ಚೀಟಿ ಹಿಂದಿರುಗಿಸಿ, ಕೋಟು ಹಾಕಿಕೊಂಡು ಹೊರಟರು. ಬಾಗಿಲ ಹತ್ತಿರ ನನಗೆ, “ನಿಂದು ಆಯ್ತಲ್ಲ? ಒಳ್ಳೆಯದಾಯ್ತು,” ಎಂದರು. ಇದು ಡೈರಿಯಲ್ಲಿದೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರನಿಗೆ ಎಲ್ಲ ತೋರಿಸಿದೆ. ಒಳ್ಳೆಯ ಪತ್ತೇದಾರಿ ಎಂದು ಹೊಗಳಿದ. ಯಾವಾಗ ಕಂಡಿತು ಎಂದು ಕೇಳಿದ. ಇದೂ ಡೈರಿಯಲ್ಲಿದೆ: “ಇವತ್ತು ಬೆಳಿಗ್ಗೆ ಎಂದೆ.”

ಭಾನುವಾರ ಹಿರಿಯರಿಗೆ ಫೋನ್ ಮಾಡಿ, ತಪ್ಪು ಸ್ಟ್ಯಾಕಿನದು, ನಿಮ್ಮದಲ್ಲ, ನನ್ನ ಪರೀಕ್ಷೆಗಳೇ ಸರಿಯಿರಲಿಲ್ಲ ಎಂದು ಹೇಳಿದೆ. ಅವರು ಸರಿ ಸರಿ ಎಂದು ಬೇಗ ಫೋನ್ ಇಟ್ಟರು.

ಏಳು ತಿಂಗಳ ನಂತರ ನಮಗೆ ಇಲ್ಲೇ ನಿಲ್ಲುವ ಅನುಮತಿ ಸಿಕ್ಕಿತು. ಗಂಡ ಇಲ್ಲಿಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟರಾದರು. ಹಿರಿಯರು ಕೌನ್ಸಿಲ್ ನಡೆಸುವ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರೆಂದು ಯಾರೋ ಹೇಳಿದರು. ನಾನು ಈ ಕಥೆಯನ್ನು ಅಲ್ಲಿ ಇಲ್ಲಿ ಹೇಳತೊಡಗಿದೆ. ಕೆಲವು ವರ್ಷಗಳ ಮೇಲೆ ಕಿಂಗ್ಸ್‌ಬರಿಯಲ್ಲಿ ನಡೆದ ಒಂದು ಕನ್ನಡ ಕೂಟದಲ್ಲಿ, ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಹುಡುಗರ ಮುಂದೆ, ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಹೇಳಿದೆ. ಅಲ್ಲಿ ನಾನು ತಪ್ಪು ಕಂಡ ತಕ್ಷಣ, ಪರ್ಮಿಟ್ ಹೋದರೂ ಹೋಗಲಿ ಎಂದು, ಮ್ಯಾನೇಜರನ ಹತ್ತಿರ ನೇರವಾಗಿ ಹೋಗಿಬಿಡುತ್ತೇನೆ. ಹುಡುಗರು ಮೆಚ್ಚಿದರು. ನನಗೆ ಸುಳ್ಳು ಹೇಳಿದಂತೆ ಅನ್ನಿಸಲೇ ಇಲ್ಲ. ಮನೆಗೆ ಬಂದು, ತಾರೀಖು ಖಚಿತ ಮಾಡಿಕೊಳ್ಳೋಣವೆಂದು ಹಳೆಯ ಡೈರಿ ತೆಗೆದಾಗಲೇ ಮಂಗಳವಾರದ ಆ ಸಾಲೂ ಶುಕ್ರವಾರದ ಆ ಸಾಲೂ ಒಟ್ಟಿಗೆ ಕಣ್ಣಿಗೆ ಬಿದ್ದದ್ದು.

ಆಗ ಉಳಿದಿದ್ದ ಒಂದೇ ಆಸರೆ ಅಡುಗೆಕೋಣೆಯ ಆ ಮಾತು. ಅವರೇ ಹೇಳಿದ್ದರಲ್ಲ, ಸೈನ್ ಆಗಲಿ ಅಂತ. ಗಂಡನನ್ನು ಕೇಳಿದೆ, ನಾನು ಮಂಗಳವಾರವೋ ಬುಧವಾರವೋ ನಿಮಗೇನಾದರೂ ಹೇಳಿದ್ದೆನಾ ಎಂದು. “ನೀನು ನಂಗೆ ಹೇಳಿದ್ದು ಶನಿವಾರ ಕಣೇ. ಲಾಂಡ್ರಿಗೆ ಹೋಗಿದ್ವಲ್ಲ, ಅಲ್ಲಿ,” ಎಂದರು. ನಾಲ್ಕು ದಿನ ಒಂದೇ ಮನೆಯಲ್ಲಿ ಉಂಡು ಎದ್ದವಳು ಗಂಡನಿಗೂ ಹೇಳದ ಮಾತನ್ನು ಆಫೀಸಿನಲ್ಲಿ ಹೇಳಿರುತ್ತೇನೆಯೇ? ಹೇಳಿರಬಹುದು ಎಂದು ಹಟ ಹಿಡಿದೆ. ಕೆಲವು ತಿಂಗಳು ಆ ಹಟದಲ್ಲೇ ಕಳೆದೆ. ಟ್ಯೂಬ್ ರೈಲಿನಲ್ಲಿ ಎಜ್‌ವೇರಿನಿಂದ ಓಲ್ಡ್ ಸ್ಟ್ರೀಟಿನವರೆಗೆ ದಿನವೂ ಆ ಅಡುಗೆಕೋಣೆಯಲ್ಲಿ ನಿಲ್ಲುತ್ತಿದ್ದೆ. ನಿಂತಷ್ಟೂ ದೃಶ್ಯ ಸ್ಪಷ್ಟವಾಗುತ್ತಿತ್ತು. ಆಮೇಲೆ ಅವರ ಅಂಗಿಯ ಬಣ್ಣವೂ ಕಾಣತೊಡಗಿತು. ಆಗ ನಿಜವಾಗಿ ಹೆದರಿದೆ. ಫೋನ್ ಮಾಡಿ, ಊಟಕ್ಕೆ ಸಿಗೋಣವೇ ಎಂದೆ.

ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತಿನಲ್ಲಿ, ಸೀರೆ ಅಂಗಡಿಯೊಂದರ ಪಕ್ಕದ ಹೋಟೆಲು. ಶನಿವಾರ ಮಧ್ಯಾಹ್ನ. ಅವರಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳ ಬಗ್ಗೆ ಕೇಳಿದರು, ಕನ್ನಡ ಮಾತಾಡ್ತಾಳಾ ಎಂದರು. ಅರ್ಥವಾಗುತ್ತೆ, ಉತ್ತರ ಇಂಗ್ಲಿಷಿನಲ್ಲಿ ಎಂದೆ. ನಮ್ಮ ಮನೆಯಲ್ಲಿ ಮೂರು ಭಾಷೆಯಲ್ಲಿ ಬೈದರೂ ಉತ್ತರ ಒಂದೇ ಭಾಷೆಯಲ್ಲಿ ಎಂದು ನಕ್ಕರು. ದೋಸೆ ಬಂತು. ನಾನು ಮುಟ್ಟದೆ ಕೇಳಿದೆ.

“ಅವತ್ತು ಬುಧವಾರ, ಸಹಿ ಆಗೋ ಹಿಂದಿನ ದಿನ, ಅಡುಗೆಮನೇಲಿ ನೀವು ನಂಗೊಂದು ಮಾತು ಹೇಳಿದ್ರಿ. ಫಾರ್ಮಿಗೆ ಸೈನ್ ಆಗ್ಲಿ, ಆಮೇಲೆ ಹೇಳೋಣ ಅಂತ. ನೆನಪಿದ್ಯಾ?”

“ಬುಧವಾರ ನಾನು ಆಫೀಸಿಗೆ ಬರ್ಲಿಲ್ಲ ಅಲ್ವಾ. ಇವಳ ಕಣ್ಣಿನ ಆಪರೇಷನ್ ಇತ್ತು.” ದೋಸೆ ಮುರಿಯುತ್ತಿದ್ದ ಅವರ ಕೈ ನಿಂತಿತು. “ಆಮೇಲೆ ಎಂತ ಹೇಳುವುದು? ಬುಧವಾರಕ್ಕೇ ನಿನಗೆ ಗೊತ್ತಿತ್ತಾ?”

ಅವರಿಗೆ ಅದು ಗೊತ್ತೇ ಇರಲಿಲ್ಲ ಎಂದು ನನಗೆ ಆಗಲೇ ಹೊಳೆದದ್ದು.

“ಮಂಗಳವಾರ,” ಎಂದೆ.

ಅವರು ಕೈ ಒರೆಸಿಕೊಂಡರು. ನಾನು ಕಾದೆ. ಬೈಯಲಿ ಎಂದು ಕಾದೆನೋ, ಪರವಾಗಿಲ್ಲ ಎನ್ನಲಿ ಎಂದು ಕಾದೆನೋ, ಈಗ ಏನೇ ಬರೆದರೂ ಅದು ಈಗಿನದಾಗುತ್ತದೆ. ಅವರು ನಿಧಾನವಾಗಿ ಹೇಳಿದ್ದು ಬೇರೆಯೇ. ಹೆಂಡತಿ ಆಪರೇಷನ್ ಥಿಯೇಟರಿನ ಒಳಗಿದ್ದಾಗ, ಅವರು ಹೊರಗೆ ಕುರ್ಚಿಯಲ್ಲಿ ಕೂತು, ತಾವು ಬರೆದ ಕೋಡಿನ ಪ್ರಿಂಟನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಿನ ಓದಿದ್ದರಂತೆ. ಎರಡು ಸಲ ಪೂರ್ತಿ ಓದಿದರೂ ತಪ್ಪು ಕಾಣಲಿಲ್ಲವಂತೆ.

“ತಪ್ಪು ಉಂಟು, ನನಗೆ ಕಾಣುವುದಿಲ್ಲ. ಹಾಗಾದ್ರೆ ತಲೆ ಹೋಯ್ತು ಅಂತ ಗ್ರಹಿಸಿದೆ. ಮತ್ತೆ ಆ ಕೆಲಸಕ್ಕೆ ಎಲ್ಲಿಯೂ ಅರ್ಜಿ ಹಾಕ್ಲಿಲ್ಲ.”

“ನಾನು ಫೋನ್ ಮಾಡಿ ಹೇಳಿದ್ನಲ್ಲ, ನಿಮ್ಮದಲ್ಲ ಅಂತ.”

“ಹೇಳಿದ್ದಿ. ಪಾಪ ಅಂತ ಹೇಳ್ತಿ ಅಂತ ಗ್ರಹಿಸಿದೆ.”

ಹೊರಗೆ ಬಸ್ಸೊಂದು ನಿಂತು ಹೊರಟಿತು. ಅವರು ಮೇಜಿನ ಮೇಲಿದ್ದ ಪೇಪರ್ ನ್ಯಾಪ್ಕಿನ್ನನ್ನು ನನ್ನ ಕಡೆ ಸರಿಸಿ, ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಬರಿ ಎಂದರು. ನಾನು ಬರೆದೆ. ಆ ಸಾಲುಗಳು ಡೈರಿಯ ಸಹಾಯವಿಲ್ಲದೆಯೇ ಬಂದವು: ವಸ್ತುವನ್ನಿಡುವ ಸಾಲು, ಅದರ ಕೆಳಗೆ ನೇರವಾಗಿ ಪಾಸ್. ಪಕ್ಕದಲ್ಲಿ, ಹಳೆಯ ಲೈಬ್ರರಿ ಕರೆದಾಗ ಸ್ಟ್ಯಾಕ್ ಎಷ್ಟು ಸರಿಯುತ್ತದೆ ಎಂಬ ಲೆಕ್ಕ. ಶೇಷ ನಾಲ್ಕು. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಬೆರಳಿನಿಂದ ಎಣಿಸಿದರು, ಒಂದು ಕಡೆ ನನ್ನ ಕೂಡಿಕೆ ತಪ್ಪಿದ್ದನ್ನು ತಿದ್ದಿದರು. ಆಮೇಲೂ ಶೇಷ ಸೊನ್ನೆಯಾಗಲಿಲ್ಲ, ಎಂಟಾಯಿತು.

“ಪರೀಕ್ಷೆ ಬರೆದವನ ಕೈಗೇ ಉತ್ತರಪತ್ರಿಕೆ ತಿದ್ಲಿಕ್ಕೆ ಕೊಟ್ಟದ್ದು ನೀನು,” ಎಂದರು. ನಗಲಿಲ್ಲ. ಮಾರಾಯ್ತಿ ಎನ್ನಲೂ ಇಲ್ಲ.

ನಾನು ಕ್ಷಮೆ ಕೇಳಿದೆ. ಕೇಳಿದೆನೆಂದು ಖಚಿತವಾಗಿ ಹೇಳಬಲ್ಲೆ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅವತ್ತೇ ಬರೆದುಕೊಂಡಿದ್ದೇನೆ. ಅವರು ನ್ಯಾಪ್ಕಿನ್ನನ್ನು ಸಾಂಬಾರು ತಾಗದಂತೆ ಎತ್ತಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅರ್ಧ ದೋಸೆ ತಟ್ಟೆಯಲ್ಲೇ ಉಳಿದಿತ್ತು.

“ಇದನ್ನು ಇವಳಿಗೆ ತೋರಿಸ್ಬೇಕು,” ಎಂದು ಎದ್ದು, ನನಗಾಗಿ ಕಾಯದೆ ಬಾಗಿಲು ತೆರೆದುಕೊಂಡು ಹೊರಟರು.